ಮೊದಲ ಮ್ಯಾರಥಾನ್‌ಗೆ ನಾಲ್ಕು ದಿನ: ಹೊಟ್ಟೆ ಹಿಡಿಯುತ್ತಿದ್ದ ಕಾರಣ ಕೊನೆಗೂ ಸಿಕ್ಕಿತು

ಬರುವ ಭಾನುವಾರ ಮುಂಬೈಯಲ್ಲಿ ನನ್ನ ಮೊದಲ ಮ್ಯಾರಥಾನ್. ಹೋದ ಭಾನುವಾರ ರಾಯಚೂರಿನ ಹತ್ತಿರದ ಶಕ್ತಿನಗರದ ರಸ್ತೆಯಲ್ಲಿ 16 ಕಿಮೀ ಓಡಿ ಬಂದೆ. ಹೊಟ್ಟೆ ಒಂದು ಸಲವೂ ಹಿಡಿಯಲಿಲ್ಲ. ಅವತ್ತೇ ಬರೆಯಬೇಕು ಅನ್ನಿಸಿತ್ತು, ಆದರೆ ಒಂದು ದಿನದ ಅದೃಷ್ಟ ನಂಬಿ ಬರೆಯುವುದು ಬೇಡ ಅಂತ ತಡೆದುಕೊಂಡೆ. ಇವತ್ತು ಬೆಳಿಗ್ಗೆ ಅದೇ ಕ್ರಮದಲ್ಲಿ ಇನ್ನೊಂದು 8 ಕಿಮೀ ಓಡಿದೆ. ಇವತ್ತೂ ಏನೂ ಆಗಲಿಲ್ಲ. ಈಗ ಧೈರ್ಯ ಬಂದಿದೆ.

ಟೇಪರ್ (ರೇಸ್ ಹತ್ತಿರ ಬಂದಂತೆ ಓಟ ಇಳಿಸುವುದು), ಉಗುರು, ವ್ಯಾಸಲೀನ್, ಹಳೇ ಶೂ ಹೊಸ ಶೂ, ಇದೆಲ್ಲ ನಿಮಗೆ ಗೊತ್ತಿರುವುದೇ. ವಾರಕ್ಕೆ 55 ಕಿಮೀ ಓಡುತ್ತಿದ್ದವನು ಈ ವಾರ ರೇಸ್ ಬಿಟ್ಟು 20ಕ್ಕೆ ಇಳಿಸಿದ್ದೇನೆ. ಮೊಣಕಾಲಿನಲ್ಲಿ ಇಲ್ಲದ ನೋವೆಲ್ಲ ಕಾಣಿಸಿಕೊಳ್ಳುತ್ತಿದೆ, ಅದೂ ಎಲ್ಲರಿಗೂ ಆಗುವುದೇ ಅಲ್ವಾ. ಹೊಟ್ಟೆಯ ವಿಷಯಕ್ಕೆ ಬರುತ್ತೇನೆ.

ಮೂರು ಲಾಂಗ್ ರನ್ (ಅಭ್ಯಾಸದ ದೂರದ ಓಟ) ಕೆಟ್ಟವು. 26 ಕಿಮೀ, 30, ಆಮೇಲೆ 32. ಮೂರರಲ್ಲೂ ಕಾಲು ಚೆನ್ನಾಗಿತ್ತು, ಉಸಿರೂ ಚೆನ್ನಾಗಿತ್ತು. ಎರಡೂವರೆ ಗಂಟೆ ದಾಟುತ್ತಿದ್ದಂತೆ ಹೊಕ್ಕುಳ ಕೆಳಗೆ ಬಟ್ಟೆ ಹಿಂಡಿದ ಹಾಗೆ ಹಿಂಡಲು ಶುರು. 32ರ ದಿನ 28ನೇ ಕಿಮೀಗೆ ನಿಂತುಬಿಟ್ಟೆ, ಉಳಿದ ನಾಲ್ಕು ಕಿಮೀ ಹತ್ತಿ ಹೊಲಗಳ ಬದಿಯಲ್ಲಿ ನಡೆದುಕೊಂಡೇ ಬಂದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆರು ತಿಂಗಳು ನಸುಕಿನಲ್ಲಿ ಎದ್ದಿದ್ದು ಹೊಟ್ಟೆಯ ಕಾರಣಕ್ಕೆ ನೀರಿಗೆ ಹೋಗುತ್ತದಾ ಅಂತ.

ಮೊದಲ ಅನುಮಾನ ರಾತ್ರಿ ಊಟದ ಮೇಲೆ. ನಮ್ಮ ಮನೆಯಲ್ಲಿ ಊಟ ಅಂದರೆ ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ. ಮೈಗೆ ಇದಕ್ಕಿಂತ ಒಳ್ಳೆಯದಿಲ್ಲ, ಆದರೆ ನಾರು ಜಾಸ್ತಿ. ಲಾಂಗ್ ರನ್ ಹಿಂದಿನ ದಿನ ಬಿಳಿ ಅನ್ನಕ್ಕೆ ಬದಲಾಯಿಸಿದೆ. ಬೆಳಿಗ್ಗೆ ಓಟದ ಮಧ್ಯೆ ಶೌಚಕ್ಕೆ ಓಡುವುದು ನಿಂತಿತು. ಹಿಂಡುವುದು ನಿಲ್ಲಲಿಲ್ಲ.

ಎರಡನೇ ಅನುಮಾನ ಜೆಲ್ ಮೇಲೆ, ಅಂದರೆ ಓಡುವಾಗ ಶಕ್ತಿಗೆ ಅಂತ ನುಂಗುವ ಪ್ಯಾಕೆಟ್‌ನ ಸಿಹಿ ಲೇಹದಂಥದ್ದು. ರಾಯಚೂರಿನಲ್ಲಿ ನನಗೆ ಒಂದು ಅಂಗಡಿಯಲ್ಲೂ ಜೆಲ್ ಸಿಗಲಿಲ್ಲ, ಆನ್‌ಲೈನ್‌ನಲ್ಲೇ ತರಿಸಬೇಕು. ನಿಂಬೆ ರುಚಿಯದು ಆರ್ಡರ್ ಮಾಡಿದರೆ ಕಾಫಿ ರುಚಿಯದು ಬಂತು, ಅದರಲ್ಲಿ ಕೆಫೀನ್ ಬೇರೆ, ಅವಧಿ ಮುಗಿಯಲು 20 ದಿನ ಬಾಕಿ. ವಾಪಸ್ ಕಳಿಸಿ ಹೊಸದು ಬರುವಷ್ಟರಲ್ಲಿ ಎರಡು ವಾರ ಹೋಯಿತು. ಓಡುವವರಿಗೆ ಮಾರುವ ಅಂಗಡಿಗೆ ತಾರೀಖಿನ ಬೆಲೆ ಗೊತ್ತಿರಬೇಕಲ್ವಾ? ಕೊನೆಗೆ ಬೇರೆ ಕಂಪನಿಯದು ತರಿಸಿ ನೋಡಿದೆ, ಅದರಲ್ಲೂ ಅದೇ ನೋವು. ಅಂದರೆ ತಪ್ಪು ಜೆಲ್‌ನದಲ್ಲ.

ಕಾರಣ ಸಿಕ್ಕಿದ್ದು ಅಡುಗೆಮನೆಯಲ್ಲಿ, ತಕ್ಕಡಿ ಮುಂದೆ ಕೂತು ಲೆಕ್ಕ ಹಾಕಿದಾಗ. ಒಂದು ಜೆಲ್‌ನಲ್ಲಿ ಸುಮಾರು 25 ಗ್ರಾಂ ಕಾರ್ಬ್ (ಸಕ್ಕರೆ, ಪಿಷ್ಟದ ಅಂಶ). ಅದನ್ನು ನುಂಗಿ ಮೇಲೆ ನಾನೇ ಕಲಸಿದ ಸಕ್ಕರೆ-ಉಪ್ಪಿನ ನೀರು 150 ಎಂಎಲ್ ಕುಡಿಯುತ್ತಿದ್ದೆ. ಆ ನೀರಿನಲ್ಲೇ ನೂರು ಎಂಎಲ್‌ಗೆ 7 ಗ್ರಾಂ ಸಕ್ಕರೆ. ಎರಡೂ ಸೇರಿದರೆ 35 ಗ್ರಾಂ, ಜೆಲ್‌ನ ಗಾತ್ರವನ್ನೂ ಲೆಕ್ಕಕ್ಕೆ ಹಿಡಿದರೆ ಹೆಚ್ಚು ಕಡಿಮೆ ನೂರಕ್ಕೆ 20. ಓಟಗಾರರ ಪಾನೀಯ ಅಂತ ಮಾರುವುದರಲ್ಲಿ ಸಾಮಾನ್ಯವಾಗಿ 6ರಿಂದ 8 ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್‌ನಲ್ಲಂತೂ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, ಅಂದರೆ ನೂರಕ್ಕೆ 1.35 ಅಷ್ಟೇ. ನಾನು ಹೊಟ್ಟೆಗೆ ಕಳಿಸುತ್ತಿದ್ದುದು ಪಾನಕ ಅಲ್ಲ, ಪಾಕ. ಅಷ್ಟು ದಟ್ಟವಾದದ್ದು ಹೊಟ್ಟೆಯಿಂದ ಕೆಳಗಿಳಿಯುವುದೇ ನಿಧಾನ. ಕರುಳಿಗೆ ಇಳಿದ ಮೇಲೆ ಮೈಯ ನೀರನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಓಡುವಾಗ ರಕ್ತವೆಲ್ಲ ಕಾಲಿಗೂ ಚರ್ಮಕ್ಕೂ ಹೋಗಿ ಕರುಳಿಗೆ ಮೊದಲೇ ಕಡಿಮೆ ಇರುತ್ತದೆ, ಅದರ ಮೇಲೆ ಈ ಭಾರ.

ಲೆಕ್ಕ ಸರಿ ಅನ್ನಿಸಿದರೂ ಇನ್ನೊಂದು 32 ಓಡಿ ಪರೀಕ್ಷೆ ಮಾಡಲು ದಿನ ಇರಲಿಲ್ಲ. ಹಾಗಾಗಿ ನೋವನ್ನೇ ಕರೆಸಿಕೊಂಡೆ. 14 ಕಿಮೀ ಓಟ, ಎರಡನೇ ಕಿಮೀಯಿಂದಲೇ ಹಳೇ ಕ್ರಮದಲ್ಲಿ ಜೆಲ್ ಮತ್ತು ಸಕ್ಕರೆ ನೀರು, ಅದೂ ಬೇಗ ಬೇಗ. 11ನೇ ಕಿಮೀಗೆ ಹಿಡಿದುಕೊಂಡಿತು, ಅದೇ ಜಾಗದಲ್ಲಿ, ಅದೇ ಥರ. ಅಷ್ಟು ಖುಷಿಯಿಂದ ಹೊಟ್ಟೆನೋವು ತಿಂದದ್ದು ಜೀವನದಲ್ಲಿ ಅದೇ ಮೊದಲು. ಮೂರು ದಿನ ಬಿಟ್ಟು ಅದೇ ರಸ್ತೆ, ಅದೇ ವೇಗ, ಅಷ್ಟೇ ಜೆಲ್, ಆದರೆ ಅರ್ಧರ್ಧ ಮಾಡಿ ಬರೀ ನೀರಿನ ಜೊತೆ. ಏನೂ ಆಗಲಿಲ್ಲ.

ಈಗಿನ ಕ್ರಮ ಹೀಗಿದೆ. 15 ನಿಮಿಷಕ್ಕೊಮ್ಮೆ ಅರ್ಧ ಜೆಲ್, ಮೇಲೆ 150 ಎಂಎಲ್ ಬರೀ ನೀರು. ಆಗ ನೂರಕ್ಕೆ ಸುಮಾರು 8 ಆಗುತ್ತದೆ, ಗಂಟೆಗೆ 50 ಗ್ರಾಂ ಸಿಗುತ್ತದೆ. ಕಿಮೀಗೆ 6 ನಿಮಿಷ 45 ಸೆಕೆಂಡಿನ ವೇಗದಲ್ಲಿ ಓಡಿದರೆ 42.195 ಕಿಮೀಗೆ 4 ಗಂಟೆ 45 ನಿಮಿಷ, ಅದರಲ್ಲಿ ಮೊದಲ 4 ಗಂಟೆಗೆ 8 ಜೆಲ್. ಅರ್ಧ ಜೆಲ್ ಪ್ಯಾಕೆಟ್ ಜೇಬಿನಲ್ಲಿ ಇಟ್ಟರೆ ಸೋರಿ ಚಡ್ಡಿಯೆಲ್ಲ ಅಂಟು, ಅದಕ್ಕೆ ಎಂಟನ್ನೂ 250 ಎಂಎಲ್‌ನ ಮೆತ್ತನೆ ಬಾಟಲಿಗೆ ಹಿಂಡಿ 2 ಗ್ರಾಂ ಉಪ್ಪು ಹಾಕಿ ಅಲುಗಾಡಿಸಿದ್ದೇನೆ. ಸಕ್ಕರೆ ನೀರು ಬಿಟ್ಟ ಮೇಲೆ ಅದರಲ್ಲಿದ್ದ ಉಪ್ಪೂ ಹೋಯಿತಲ್ಲ, ಅದಕ್ಕೆ. ನಿಂಬೆ ರುಚಿಗೆ ಉಪ್ಪು ಚೆನ್ನಾಗಿ ಹೊಂದುತ್ತದೆ.

ಈ ಬಾಟಲಿ ಕೈಗೆ ಬಂದ ದಿನದಿಂದ ತಲೆಯಲ್ಲಿ ಮಂತ್ರಾಲಯ ಓಡುತ್ತಿದೆ. ರಾಯಚೂರಿನಿಂದ ಅಲ್ಲಿಗೆ ಹತ್ತಿರ ಹತ್ತಿರ ಮ್ಯಾರಥಾನ್‌ನಷ್ಟೇ ದೂರ. ಭಕ್ತರು ನಡೆದು ಹೋಗುವ ದಾರಿ. ನಸುಕಿನಲ್ಲಿ ಹೊರಟರೆ ಬಿಸಿಲೇರುವ ಹೊತ್ತಿಗೆ ತುಂಗಭದ್ರೆಯ ದಡದಲ್ಲಿ ಇರಬಹುದು. ಮುಂದಿನ ಡಿಸೆಂಬರ್‌ಗೆ ಅಂತ ಗುರುತು ಹಾಕಿದ್ದೇನೆ, ಯಾರಾದರೂ ಜೊತೆಗೆ ಬರುವುದಾದರೆ ಈಗಲೇ ಹೇಳಿ. ನೀರು ಎಲ್ಲೆಲ್ಲಿ ಇಡಬೇಕು ಅಂತ ಬೈಕಿನಲ್ಲಿ ಒಂದು ಸುತ್ತು ಹೋಗಿ ನೋಡಬೇಕು.

ಅದಿರಲಿ, ಮೊದಲು ಮುಂಬೈ. ನನಗೆ ಉಳಿದಿರುವ ಭಯ ಅಲ್ಲಿನ ಸೆಕೆ. ಇಲ್ಲಿ ಜನವರಿಯ ಒಣ ಚಳಿಯಲ್ಲಿ ಒಂದು ಗಂಟೆ ಓಡಿ ತೂಕ ನೋಡಿದರೆ 600 ಗ್ರಾಂ ಇಳಿದಿರುತ್ತದೆ. ಸೆಪ್ಟೆಂಬರ್‌ನಲ್ಲಿ ಮಳೆ ಬಂದ ಮರುದಿನ ಓಡಿದಾಗ 1.1 ಕೆಜಿ ಇಳಿದಿತ್ತು. ಮುಂಬೈ ನನ್ನ ಸೆಪ್ಟೆಂಬರ್ ಥರ ಇರುತ್ತದೆ ಅಂತಲೇ ತಯಾರಾಗಿದ್ದೇನೆ. ಬಾಯಾರಿದರೆ ಮಧ್ಯೆ ಇನ್ನೆರಡು ಗುಟುಕು, ಆದರೆ ಹೆದರಿ ಹೊಟ್ಟೆ ತುಂಬಾ ನೀರು ಕುಡಿಯುವುದಿಲ್ಲ. ರಕ್ತದಲ್ಲಿ ಸೋಡಿಯಂ ಇಳಿದರೆ ಅದು ಹೊಟ್ಟೆನೋವಿಗಿಂತ ದೊಡ್ಡ ಅಪಾಯ. ಇನ್ನು ಪೆಡ್ಡರ್ ರೋಡಿನ ಏರು. ನಮ್ಮೂರಿನ ರಸ್ತೆಗಳು ಸಪಾಟು, ಕೋಟೆ ಬೆಟ್ಟ ಹತ್ತಿ ಇಳಿದದ್ದೇ ನನ್ನ ಅಭ್ಯಾಸ. ವಾಪಸ್ ಬರುವಾಗ ಅಲ್ಲಿ ನಡೆಯಬೇಕಾಗಿ ಬಂದರೆ ನಡೆಯುತ್ತೇನೆ.

ಇವತ್ತು ಭೋಗಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು, ಮೂರು ರೊಟ್ಟಿ ಹೊಟ್ಟೆ ತುಂಬಾ ಉಂಡೆ. ನಾಳೆ ಸಂಕ್ರಾಂತಿ, ಮನೆಯವರೆಲ್ಲ ಕೃಷ್ಣೆಗೆ ಸ್ನಾನಕ್ಕೆ ಹೋಗುತ್ತಾರೆ, ನಾನು ಮನೆಯಲ್ಲೇ ಇದ್ದು ಅನ್ನ ಶುರು ಮಾಡುತ್ತೇನೆ. ಕೆಜಿ ತೂಕಕ್ಕೆ 8 ಗ್ರಾಂ ಕಾರ್ಬ್ ಅಂದರೆ 64 ಕೆಜಿಗೆ ದಿನಕ್ಕೆ 510 ಗ್ರಾಂ. ಅದಕ್ಕೆ 400 ಗ್ರಾಂ ಗಂಗಾವತಿ ಸೋನಾ ಮಸೂರಿ, ನಾಲ್ಕು ಬಾಳೆಹಣ್ಣು, ಉಳಿದದ್ದಕ್ಕೆ ಬೆಲ್ಲದ ಪಾನಕ. ಅವ್ವನಿಗೆ ಹೇಳಿದಾಗ ಮುಖ ನೋಡಿ, "ಹಬ್ಬದ ದಿನ ಬರೀ ಅನ್ನ ಉಣ್ತೀಯೇನಪ್ಪಾ, ಜ್ವರ ಬಂದವರಂಗ?" ಅಂದಳು. ಆಮೇಲೆ ತಾನೇ ಎದ್ದು ಸಜ್ಜೆ ರೊಟ್ಟಿ ಆರು ತೆಗೆದು ಬಟ್ಟೆಯಲ್ಲಿ ಕಟ್ಟಿದಳು. ಖಡಕ್ ರೊಟ್ಟಿ, ಭಾನುವಾರದವರೆಗೂ ಕೆಡುವುದಿಲ್ಲ. ಓಟ ಮುಗಿದ ಮೇಲೆ ತಿನ್ನಬೇಕಂತೆ. ತೂಕ ಶನಿವಾರದ ಹೊತ್ತಿಗೆ ಒಂದು ಕೆಜಿ ಏರಿದರೂ ಗಾಬರಿ ಬೇಡ ಅಂತ ನನಗೆ ನಾನೇ ಬರೆದಿಟ್ಟುಕೊಂಡಿದ್ದೇನೆ, ಮೈಯಲ್ಲಿ ಕೂಡಿಟ್ಟ ಕಾರ್ಬ್, ಅಂದರೆ ಗ್ಲೈಕೋಜನ್, ತನ್ನ ಜೊತೆ ಮೂರರಷ್ಟು ನೀರು ಹಿಡಿದಿಡುತ್ತದೆ.

ಶುಕ್ರವಾರ ಉದ್ಯಾನ್ ಎಕ್ಸ್‌ಪ್ರೆಸ್. ಒಂದೇ ಒಂದು ಕೆಲಸ ಬಾಕಿ ಇದೆ. ಬಾಟಲಿಯ ಮೇಲೆ ಅರ್ಧರ್ಧ ಜೆಲ್‌ಗೆ ಮಾರ್ಕರ್‌ನಲ್ಲಿ ಹಾಕಿದ್ದ 16 ಗೆರೆ ಇವತ್ತು ಕೈ ಬೆವರಿಗೆ ಅಳಿಸಿಹೋದವು. ಕರೆಂಟಿನವರು ಸುತ್ತುವ ಕಪ್ಪು ಟೇಪ್ ಸಣ್ಣಗೆ ಕತ್ತರಿಸಿ ಅಂಟಿಸಿದ್ದೇನೆ. ನಾಳೆ ಬೆಳಿಗ್ಗೆ 4 ಕಿಮೀ ಇದೆ, ನಿಲ್ಲುತ್ತದಾ ನೋಡಬೇಕು.