ಓಷನ್ ವ್ಯೂ ಸಾಕೇ, ಬಾಲ್ಕನಿ ಬೇಕೇ?

ಕ್ರೂಸ್‌ಗೆ ಹೊರಟವರು ನನ್ನನ್ನು ಮೊದಲು ಕೇಳುವ ಪ್ರಶ್ನೆ ಇದು. ಹಡಗು ಯಾವುದು, ದಾರಿ ಯಾವುದು ಅನ್ನುವುದೆಲ್ಲ ಅಷ್ಟು ಹೊತ್ತಿಗೆ ತೀರ್ಮಾನವಾಗಿರುತ್ತದೆ. ಕಿಟಕಿಯೇ ಇಲ್ಲದ ಒಳಗಿನ ಕ್ಯಾಬಿನ್ ಬೇಡ ಅನ್ನುವುದೂ ಗಟ್ಟಿಯಾಗಿರುತ್ತದೆ. ಉಳಿಯುವುದು ಎರಡು. ತೆರೆಯಲು ಬಾರದ ಗಾಜಿನ ಕಿಟಕಿಯಿರುವ ಓಷನ್ ವ್ಯೂ ಒಂದು, ಬಾಗಿಲು ಸರಿಸಿ ಹೊರಗೆ ಹೋಗಿ ಕೂರಬಹುದಾದ ಬಾಲ್ಕನಿ ಇನ್ನೊಂದು. ಎರಡರ ದರದ ಅಂತರ ನೋಡಿದ ಮೇಲೆ ಮನೆಯಲ್ಲಿ ಮಾತುಕತೆ ಶುರು. "ಅಷ್ಟು ದೂರ ಹೋಗಿ ಬಾಲ್ಕನಿ ಇಲ್ಲ ಅಂದ್ರೆ ಹೇಗೆ?" ಅಂತ ಒಬ್ಬರು, "ಮಲಗೋಕೆ ಮಾತ್ರ ತಾನೇ ರೂಮಿಗೆ ಬರೋದು?" ಅಂತ ಇನ್ನೊಬ್ಬರು.

ಗಂಡ ಮತ್ತು ಅತ್ತೆಯವರ ಜೊತೆ ನಾನು ಎರಡೂ ಬಗೆಯ ಕ್ಯಾಬಿನ್‌ಗಳಲ್ಲಿ ಉಳಿದಿದ್ದೇನೆ. ನನಗೆ ಅನ್ನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಸಮುದ್ರ ನೋಡುವುದಕ್ಕೆ ಬಾಲ್ಕನಿ ಬೇಕಿಲ್ಲ. ಒಳ್ಳೆಯ ಕಿಟಕಿಯಿದ್ದರೆ ಧಾರಾಳವಾಗಿ ನೋಡಬಹುದು. ಬಾಲ್ಕನಿಯಲ್ಲಿ ಹೆಚ್ಚಿಗೆ ಸಿಗುವುದು ಸದ್ದು ಮತ್ತು ಗಾಳಿ. ಹಾಗಾಗಿ ನಾನು ಮೊದಲು ನೋಡುವುದು ಹಡಗು ಹೋಗುವ ದಾರಿಯನ್ನು. ಆ ದಾರಿಯಲ್ಲಿ ಕಿವಿಗೆ ಬೀಳುವಂಥದ್ದು ಏನಾದರೂ ಇದೆಯೇ? ಹೊರಗೆ ನಿಲ್ಲುವಷ್ಟು ನಿಧಾನವಾಗಿ ಹಡಗು ಹೋಗುತ್ತದೆಯೇ? ಇದ್ದರೆ ಬಾಲ್ಕನಿ. ಇಲ್ಲದಿದ್ದರೆ ಓಷನ್ ವ್ಯೂ ತೆಗೆದುಕೊಂಡು ಉಳಿದ ದುಡ್ಡನ್ನು ದಡದ ಸುತ್ತಾಟಕ್ಕೆ ಇಟ್ಟುಕೊಳ್ಳುತ್ತೇನೆ.

ಅಲಾಸ್ಕಾದ ಗ್ಲೇಸಿಯರ್ ಬೇ ಬಾಲ್ಕನಿಗೆಂದೇ ಇರುವ ಜಾಗ. ತುಂಬು ಸೀಸನ್ನಿನಲ್ಲೂ ಅಲ್ಲಿಗೆ ದಿನಕ್ಕೆ ಎರಡೇ ದೊಡ್ಡ ಕ್ರೂಸ್ ಹಡಗುಗಳಿಗೆ ಪ್ರವೇಶ. ಬೆಳಿಗ್ಗೆ ರಾಷ್ಟ್ರೀಯ ಉದ್ಯಾನದ ರೇಂಜರ್‌ಗಳು ಸಣ್ಣ ದೋಣಿಯಲ್ಲಿ ಬಂದು ಹಡಗು ಹತ್ತುತ್ತಾರೆ, ಸುತ್ತಲಿನದನ್ನು ಮೈಕಿನಲ್ಲಿ ವಿವರಿಸುತ್ತಾರೆ. ಹಡಗು ಮೆಲ್ಲಗೆ ಸಾಗಿ ಮಾರ್ಜರಿ ಹಿಮನದಿಯ ಎದುರು ನಿಲ್ಲುತ್ತದೆ. ನೀರಿನಿಂದ ಮೇಲಕ್ಕೆ ಸುಮಾರು 75 ಮೀಟರ್ ಎತ್ತರ, ಒಂದೂವರೆ ಕಿಲೋಮೀಟರಿಗೂ ಮಿಕ್ಕಿದ ಅಗಲದ ನೀಲಿ ಗೋಡೆ ಅದು. ಎರಡೂ ಬದಿಯವರಿಗೆ ಕಾಣಲೆಂದು ಹಡಗು ನಿಂತಲ್ಲೇ ತಿರುಗುತ್ತದೆ. ಆದ್ದರಿಂದ ಅಲ್ಲಿ ಎಡಬದಿ ಒಳ್ಳೆಯದೋ ಬಲಬದಿ ಒಳ್ಳೆಯದೋ ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ.

ಅಲ್ಲಿ ನಡೆಯುವುದು ಹೀಗೆ. ಗೋಡೆಯ ಒಂದು ಮೂಲೆಯಿಂದ ಮಂಜುಗಡ್ಡೆಯ ಚೂರೊಂದು ಸದ್ದೇ ಇಲ್ಲದೆ ಜಾರುತ್ತದೆ. ನೀರು ಚಿಮ್ಮುತ್ತದೆ. ಆಮೇಲೆ ಗುಡುಗು ಬರುತ್ತದೆ. ಅರ್ಧ ಕಿಲೋಮೀಟರ್ ದೂರದಲ್ಲಿದ್ದರೆ ಸದ್ದು ನಮ್ಮನ್ನು ಮುಟ್ಟಲು ಒಂದೂವರೆ ಸೆಕೆಂಡ್ ಬೇಕು. ಒಮ್ಮೆ ಗೊತ್ತಾದ ಮೇಲೆ ಪ್ರತಿ ಸಲವೂ ಉಸಿರು ಬಿಗಿಹಿಡಿದು ಆ ಗುಡುಗಿಗೆ ಕಾಯುತ್ತೇವೆ. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಣ್ಣ ಸದ್ದು. ಅದನ್ನು ಮೊದಲು ಕೇಳಿಸಿಕೊಂಡವರು ಅತ್ತೆ. ಕಂಬಳಿ ಹೊದ್ದು ಬಾಲ್ಕನಿಯ ಕುರ್ಚಿಯಲ್ಲಿ ಕೂತಿದ್ದವರು, "ಬಾರೇ ಇಲ್ಲಿ, ಏನೋ ಚಟಪಟ ಅಂತಿದೆ ನೋಡು" ಅಂತ ಕರೆದರು. ಹಡಗಿನ ಸುತ್ತ ತೇಲುತ್ತಿದ್ದ ಮಂಜಿನ ತುಂಡುಗಳು ಕರಗುತ್ತಿದ್ದವು. ಎಷ್ಟೋ ಕಾಲದ ಹಿಂದೆ ಹಿಮದೊಳಗೆ ಸಿಕ್ಕಿಬಿದ್ದಿದ್ದ ಗಾಳಿಯ ಗುಳ್ಳೆಗಳು ಒಂದೊಂದಾಗಿ ಒಡೆದು ಹೊರಬರುತ್ತಿದ್ದವು, ಅದರ ಸದ್ದು. ಒಳಗೆ ಹೋಗಿ ಬಾಗಿಲು ಎಳೆದೆ. ಮಂಜೂ ಕಾಣುತ್ತಿತ್ತು, ಗೋಡೆಯೂ ಕಾಣುತ್ತಿತ್ತು, ಸದ್ದು ಮಾತ್ರ ಪೂರ್ತಿ ನಿಂತಿತ್ತು. ಬಾಲ್ಕನಿಗೆ ಕೊಟ್ಟ ದುಡ್ಡು ಯಾವುದಕ್ಕೆ ಅಂತ ನನಗೆ ಅಲ್ಲಿ ಸ್ಪಷ್ಟವಾಯಿತು.

ತೆರೆದ ಡೆಕ್ ಎಲ್ಲರಿಗೂ ಸೇರಿದ್ದಲ್ಲವೇ, ಅಲ್ಲಿ ನಿಂತರೂ ಇದೇ ಸದ್ದು ಕೇಳುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಕೇಳುತ್ತದೆ. ಕಾಲು ಗಟ್ಟಿಯಿದ್ದು ಚಳಿ ತಡೆಯುವವರಿಗೆ ಮೇಲಿನ ಡೆಕ್ಕೇ ಬಾಲ್ಕನಿಗಿಂತ ಮೇಲು, ಏಕೆಂದರೆ ಅಲ್ಲಿ ಎರಡೂ ಬದಿ ಕಾಣುತ್ತದೆ. ನನ್ನ ಗಂಡ ಇಡೀ ದಿನ ಅಲ್ಲೇ ಇದ್ದರು. ಆದರೆ ಅತ್ತೆಗೆ ಮಂಡಿನೋವು. ಲಿಫ್ಟಿಗೆ ಕಾದು, ಜನರ ನಡುವೆ ಜಾಗ ಹುಡುಕಿ, ಗಾಳಿಗೆ ಮೈಯೊಡ್ಡಿ ಗಂಟೆಗಟ್ಟಲೆ ನಿಲ್ಲುವುದು ಅವರಿಂದಾಗದು. ಬಾಲ್ಕನಿಯಾದರೆ ಎರಡು ಹೆಜ್ಜೆ ಹೊರಗೆ, ಚಳಿಯಾದರೆ ಎರಡು ಹೆಜ್ಜೆ ಒಳಗೆ. ಹಿರಿಯರನ್ನು ಕರೆದುಕೊಂಡು ಹೋಗುವವರು, ಪುಟ್ಟ ಮಗುವನ್ನು ಮಲಗಿಸಿ ಕ್ಯಾಬಿನ್ನಿನಲ್ಲೇ ಕೂರಬೇಕಾದವರು ಇದನ್ನು ಯೋಚಿಸಲೇಬೇಕು.

ನಾರ್ವೆಯ ಫ್ಯೋರ್ಡ್‌ಗಳಿಗೂ, ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರದ ಕಿರಿದಾದ ತೋಳುಗಳಿಗೂ, ಇದೇ ಮಾತು. ಯುನೆಸ್ಕೋ 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಗೈರಾಂಗರ್ ಫ್ಯೋರ್ಡ್ ಸುಮಾರು 15 ಕಿಲೋಮೀಟರ್ ಉದ್ದ. ಎರಡೂ ಕಡೆ ಬೆಟ್ಟ, ನೇರ ನೀರಿಗಿಳಿಯುವ ಬಂಡೆ, ಜಲಪಾತಗಳು. ಅಷ್ಟು ಕಡಿದಾದ ಬೆಟ್ಟದ ತುದಿ ನೋಡಲು ಕತ್ತೆತ್ತಬೇಕು. ಕೆಳಡೆಕ್ಕಿನ ಕಿಟಕಿಯಲ್ಲಿ ಬಂಡೆಯ ಬುಡವಷ್ಟೇ ಕಾಣುತ್ತದೆ. ಬಾಲ್ಕನಿಯ ಕಂಬಿ ಹಿಡಿದು ಮೇಲೆ ನೋಡಿದರೆ ನೀರು ಹುಟ್ಟುವ ಜಾಗದಿಂದ ಬೀಳುವ ಜಾಗದವರೆಗೆ ನೋಡಬಹುದು.

ಪನಾಮಾ ಕಾಲುವೆಯದು ಬೇರೆಯೇ ಕಥೆ. ನೀರು ತುಂಬಿಸಿ ಹಡಗನ್ನು ಮೇಲೇರಿಸುವ, ಗೇಟುಗಳಿರುವ ತೊಟ್ಟಿಗಳಿಗೆ ಅಲ್ಲಿ ಲಾಕ್ ಎನ್ನುತ್ತಾರೆ. 1914ರಲ್ಲಿ ತೆರೆದ ಹಳೆಯ ಲಾಕ್‌ಗಳ ಅಗಲ 33.5 ಮೀಟರ್. ಅವುಗಳ ಅಳತೆಗೇ ಕಟ್ಟಿದ ದೊಡ್ಡ ಹಡಗುಗಳ ಅಗಲ 32.3 ಮೀಟರ್. ಅಂದರೆ ಒಂದೊಂದು ಬದಿಗೆ ಉಳಿಯುವುದು ಒಂದು ಮೊಳಕ್ಕಿಂತ ಸ್ವಲ್ಪ ಹೆಚ್ಚು. ಕೆಳಡೆಕ್ಕಿನ ಓಷನ್ ವ್ಯೂನಲ್ಲಿದ್ದರೆ ಲಾಕ್ ಒಳಗೆ ಹೋದಾಗ ಕಿಟಕಿಯ ತುಂಬ ಒದ್ದೆ ಕಾಂಕ್ರೀಟ್. ನೀರು ತುಂಬಿ ಹಡಗು ಏರಿದಂತೆ ಆ ಗೋಡೆ ನಿಧಾನವಾಗಿ ಕೆಳಕ್ಕೆ ಸರಿಯುತ್ತದೆ. ಯಂತ್ರ, ನೀರು, ಎಂಜಿನಿಯರಿಂಗ್ ಇಷ್ಟಪಡುವವರಿಗೆ ಅದೂ ಒಂದು ಸೊಗಸೇ. ಆದರೆ ಗೇಟು ಮುಚ್ಚುವುದು, ಹಗ್ಗ ಹಿಡಿದು ಪಕ್ಕದ ಹಳಿಯ ಮೇಲೆ ಸಾಗುವ ಎಂಜಿನ್‌ಗಳು, ಕೊನೆಗೆ ಸಮುದ್ರಕ್ಕಿಂತ 26 ಮೀಟರ್ ಮೇಲಿರುವ ಗಾಟುನ್ ಸರೋವರ ಸೇರುವುದು, ಇದನ್ನೆಲ್ಲ ನೋಡಬೇಕೆಂದರೆ ಎತ್ತರದಲ್ಲಿರಬೇಕು. ಬಾಲ್ಕನಿ ಇಲ್ಲದಿದ್ದರೆ ಆ ದಿನ ಬೇಗ ಎದ್ದು ಮೇಲಿನ ಡೆಕ್ಕಿನಲ್ಲಿ ಜಾಗ ಹಿಡಿಯಿರಿ.

ಇನ್ನು ಕಿಟಕಿಯ ಪರವಾಗಿ. ಅಟ್ಲಾಂಟಿಕ್ ದಾಟುವಂಥ, ದಿನಗಟ್ಟಲೆ ನೀರು ಬಿಟ್ಟರೆ ಏನೂ ಕಾಣದ ಪ್ರಯಾಣಕ್ಕೆ ನನ್ನ ಆಯ್ಕೆ ಓಷನ್ ವ್ಯೂ. ಕಾರಣ ಗಾಳಿ. ಹಡಗು 20 ನಾಟ್ ವೇಗದಲ್ಲಿ ಹೊರಟಿದೆ ಅಂದರೆ ಗಂಟೆಗೆ 37 ಕಿಲೋಮೀಟರ್. ಸಮುದ್ರದ ಮೇಲೆ ಗಾಳಿಯೇ ಇಲ್ಲದ ದಿನವೂ ಹಡಗಿನ ಓಟವೇ ಅಷ್ಟು ಗಾಳಿ ಎಬ್ಬಿಸುತ್ತದೆ. ಎದುರುಗಾಳಿಯೂ ಸೇರಿದರೆ ಬಾಲ್ಕನಿಯಲ್ಲಿ ಪುಸ್ತಕದ ಹಾಳೆ ನಿಲ್ಲುವುದಿಲ್ಲ, ಕುರ್ಚಿ ಗಡಗಡ ಎನ್ನುತ್ತದೆ, ಬಾಗಿಲು ಎಳೆಯಲು ಎರಡು ಕೈ ಬೇಕು. ಹೊರಬಾಗಿಲು ತೆಗೆದಿರುವಾಗ ಯಾರಾದರೂ ಕಾರಿಡಾರಿನ ಬಾಗಿಲನ್ನೂ ತೆಗೆದರೆ ಆ ಸೆಳೆತಕ್ಕೆ ಬಾಗಿಲು ಧಡಾರನೆ ಹೊಡೆದುಕೊಳ್ಳುತ್ತದೆ. ಬೆರಳು ಜೋಪಾನ.

ಎರಡನೆಯ ಕಾರಣ ಹಡಗಿನ ಓಲಾಟ. ಓಷನ್ ವ್ಯೂ ಕ್ಯಾಬಿನ್‌ಗಳು ಹೆಚ್ಚಾಗಿ ಕೆಳಗಿನ ಡೆಕ್‌ಗಳಲ್ಲಿರುತ್ತವೆ; ಬಾಲ್ಕನಿಗಳು ಅದರ ಮೇಲಿನ ಅಂತಸ್ತುಗಳಲ್ಲಿ. ಅಡ್ಡಡ್ಡ ಓಲಾಡುವಾಗ ಎತ್ತರ ಹೆಚ್ಚಿದಷ್ಟೂ ತೂಗು ಹೆಚ್ಚು. ಹಿಂದೆ ಮುಂದೆ ಏರಿಳಿಯುವಾಗ ಮೂತಿ ಮತ್ತು ಹಿಂಬದಿಯಲ್ಲಿದ್ದವರು ಹೆಚ್ಚು ಏರಿಳಿಯುತ್ತಾರೆ, ಸೀಸಾ ಹಲಗೆಯ ನಡುವೆ ಕೂತ ಮಗುವಿನಂತೆ ಮಧ್ಯದಲ್ಲಿದ್ದವರಿಗೆ ಅಷ್ಟು ಗೊತ್ತಾಗುವುದಿಲ್ಲ. ತಲೆಸುತ್ತು, ವಾಂತಿಯ ತೊಂದರೆ ಇದ್ದವರಿಗೆ ಕೆಳಗಿನ ಡೆಕ್, ಹಡಗಿನ ನಟ್ಟನಡು, ಹೊರಗಿನ ದಿಗಂತ ಕಾಣುವ ಕಿಟಕಿ, ಇವು ಮೂರೂ ಸೇರಿದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಅತ್ತೆ ಒಂದು ಹಡಗಿನಲ್ಲಿ ಕಿಟಕಿಯ ಅಗಲವಾದ ಕಟ್ಟೆಯ ಮೇಲೆ ದಿಂಬಿಟ್ಟುಕೊಂಡು ಮಧ್ಯಾಹ್ನಗಳನ್ನು ಕಳೆದರು. ಅಲೆ ಅಷ್ಟು ಹತ್ತಿರ. ನೀಲಿಯೊಳಗೆ ಹಸಿರು, ಹಸಿರಿನ ತುದಿಗೆ ನೊರೆ, ನೊರೆ ಒಡೆದು ಜಾಲರಿಯಂತೆ ಹರಡುವುದು, ಎಲ್ಲ ಕಾಣುತ್ತಿತ್ತು. ಹತ್ತನೆಯ ಡೆಕ್ಕಿನ ಬಾಲ್ಕನಿಯಿಂದ ಅದೇ ಸಮುದ್ರ ಬರೀ ಬಯಲು. ಹಾರುಮೀನು ನೋಡಲಂತೂ ಕೆಳಗಿನ ಕಿಟಕಿಯೇ ಸರಿ.

ಕಿಟಕಿಯ ಕುಂದುಗಳೂ ಇವೆ. ಉಪ್ಪುನೀರು ಸಿಡಿದು ಒಣಗಿ ಗಾಜು ಮಬ್ಬಾಗುತ್ತದೆ. ಅದು ಹೊರಗಿನಿಂದ ತೊಳೆಯಬೇಕಾದದ್ದು, ನಮ್ಮ ಕೈಗೆ ಎಟುಕದು. ಸಮುದ್ರ ತೀರಾ ಕೆರಳಿದರೆ ತಳದ ಡೆಕ್‌ಗಳ ದುಂಡು ಕಿಟಕಿಗಳಿಗೆ ಉಕ್ಕಿನ ಮುಚ್ಚಳ ಹಾಕುವುದೂ ಉಂಟು.

ದಿನಕ್ಕೊಂದು ಬಂದರು ಇರುವ ಮೆಡಿಟರೇನಿಯನ್ ಕ್ರೂಸ್‌ಗಳಿಗೂ ನಾನು ಬಾಲ್ಕನಿ ಹೇಳುವುದಿಲ್ಲ. ಬೆಳಿಗ್ಗೆ ಇಳಿದು ಸಂಜೆ ಹತ್ತುತ್ತೀರಿ, ರಾತ್ರಿ ಕತ್ತಲು. ಬಾಲ್ಕನಿ ಹೆಚ್ಚು ಹೊತ್ತು ನೋಡುವುದು ಬಂದರಿನ ಕ್ರೇನ್‌ಗಳನ್ನು.

ಬಾಲ್ಕನಿ ಅಂದ ಮಾತ್ರಕ್ಕೆ ಎಲ್ಲವೂ ಸಮುದ್ರಕ್ಕೆ ತೆರೆದುಕೊಂಡಿರುತ್ತವೆ ಅಂದುಕೊಳ್ಳಬೇಡಿ. 2009ರ ಓಯಸಿಸ್ ಆಫ್ ದ ಸೀಸ್ ಹಡಗಿನಿಂದ ಶುರುವಾಗಿ ಆ ಸರಣಿಯ ಹಡಗುಗಳಲ್ಲಿ ಒಳಗಿನ ಸೆಂಟ್ರಲ್ ಪಾರ್ಕ್ ಎಂಬ ಉದ್ಯಾನದ ಕಡೆ ಮುಖ ಮಾಡಿದ ಬಾಲ್ಕನಿಗಳಿವೆ. ಗಿಡಮರ ಚೆನ್ನಾಗಿದೆ, ಆದರೆ ಸಮುದ್ರಕ್ಕಾಗಿ ಹೋದವರಿಗೆ ಅದು ಬೇಡ. 2018ರಲ್ಲಿ ಬಂದ ಸೆಲೆಬ್ರಿಟಿ ಎಡ್ಜ್ ಹಡಗಿನ ಹಲವು ಕ್ಯಾಬಿನ್‌ಗಳಲ್ಲಿ ಪ್ರತ್ಯೇಕ ಬಾಲ್ಕನಿಯ ಬದಲು ಹೊರಗೋಡೆಯೇ ಗಾಜು. ಗುಂಡಿ ಒತ್ತಿದರೆ ಮೇಲರ್ಧ ಕೆಳಗಿಳಿಯುತ್ತದೆ. ಒಳಗೆ ಜಾಗ ಹೆಚ್ಚು, ಗಾಳಿಯೂ ಸಿಗುತ್ತದೆ. ಹೊರಗೆ ಹೋಗಿ ನಿಂತ ಅನುಭವ ಮಾತ್ರ ಇಲ್ಲ. ನದಿಯ ಹಡಗುಗಳ ಫ್ರೆಂಚ್ ಬಾಲ್ಕನಿಯಲ್ಲಿ ಬಾಗಿಲು ತೆಗೆದರೆ ಕಂಬಿ, ಅಷ್ಟೇ. ಕುರ್ಚಿ ಹಾಕಲು ಜಾಗವಿಲ್ಲ.

ಹಣ ಕಟ್ಟುವ ಮೊದಲು ನಾನು ಡೆಕ್ ಪ್ಲ್ಯಾನ್, ಅಂದರೆ ಹಡಗಿನ ಅಂತಸ್ತುಗಳ ನಕ್ಷೆ, ಮುಂದಿಟ್ಟುಕೊಂಡು ಕೂರುತ್ತೇನೆ. ಕ್ಯಾಬಿನ್ನಿನ ಹೊರಗೆ ಲೈಫ್‌ಬೋಟ್ ನೇತಾಡುತ್ತಿದೆಯೇ? ಅದಕ್ಕೆ "ಅಬ್‌ಸ್ಟ್ರಕ್ಟೆಡ್ ವ್ಯೂ" ಅಂತ ಬರೆದು ಕಡಿಮೆ ದರಕ್ಕೆ ಕೊಡುತ್ತಾರೆ. ಕೆಲವು ಕಡೆ ದೋಣಿ ಕಿಟಕಿಯ ಕೆಳಗಿರುತ್ತದೆ, ಆಗ ಅದು ಲಾಭದ ವ್ಯವಹಾರ. ಕೆಲವು ಕಡೆ ಇಡೀ ಕಿಟಕಿಗೆ ಕಿತ್ತಳೆ ಬಣ್ಣದ ಗೋಡೆ. ತಲೆಯ ಮೇಲಿನ ಡೆಕ್ಕಿನಲ್ಲಿ ಏನಿದೆ? ಈಜುಕೊಳವಿದ್ದರೆ ಬೆಳಕು ಹರಿಯುವ ಮುಂಚೆಯೇ ಕುರ್ಚಿ ಎಳೆಯುವ ಸದ್ದು. ತೀರಾ ಮುಂದಿದ್ದರೆ ಬೆಳಗಿನ ಜಾವ ಲಂಗರು ಇಳಿಸುವ ಸರಪಳಿ. ಆಮೇಲೆ ಬಿಸಿಲು: ಉತ್ತರ ಗೋಳಾರ್ಧದಲ್ಲಿ ಪಶ್ಚಿಮಕ್ಕೆ ಹೋಗುವ ಹಡಗಿನ ಎಡಬದಿಗೆ, ಪೂರ್ವಕ್ಕೆ ಹೋಗುವ ಹಡಗಿನ ಬಲಬದಿಗೆ ದಿನದ ಹೆಚ್ಚು ಹೊತ್ತು ಬಿಸಿಲು. ಬಾಲ್ಕನಿಗೆ ದುಡ್ಡು ಕೊಡುವವರು ಇದನ್ನು ನೋಡದೆ ಬುಕ್ ಮಾಡಬಾರದು. "ಗ್ಯಾರಂಟಿ" ಕ್ಯಾಬಿನ್ ತೆಗೆದುಕೊಂಡರೆ ಇದ್ಯಾವುದೂ ನಮ್ಮ ಕೈಯಲ್ಲಿರುವುದಿಲ್ಲ. ಕಂಪನಿಯವರು ಕೊಟ್ಟದ್ದೇ ಕ್ಯಾಬಿನ್.

ಮಕ್ಕಳಿರುವವರು ಬಾಲ್ಕನಿ ಸುರಕ್ಷಿತವೇ ಎಂದು ಕೇಳುತ್ತಾರೆ. ಅಮೆರಿಕದ ಬಂದರುಗಳಿಂದ ಪ್ರಯಾಣಿಕರನ್ನು ಹತ್ತಿಸುವ ಹಡಗುಗಳಿಗೆ 2010ರ ಕಾನೂನು ಕಂಬಿ ಕನಿಷ್ಠ 42 ಅಂಗುಲ ಎತ್ತರ ಇರಲೇಬೇಕು ಎನ್ನುತ್ತದೆ. ಕಂಬಿಯ ಹತ್ತಿರ ಕುರ್ಚಿ ಬಿಡದಿರುವುದು ನಮ್ಮ ಜವಾಬ್ದಾರಿ. ಬೆಂಕಿಯ ವಿಷಯದಲ್ಲೂ ನಿಯಮ ಬಿಗಿಯಾಗಿದೆ. 2006ರ ಮಾರ್ಚ್‌ನಲ್ಲಿ ಸ್ಟಾರ್ ಪ್ರಿನ್ಸೆಸ್ ಹಡಗಿನ ಬಾಲ್ಕನಿಯೊಂದರಲ್ಲಿ, ಬಹುಶಃ ಎಸೆದ ಸಿಗರೇಟಿನಿಂದ, ಹತ್ತಿದ ಬೆಂಕಿ ಪ್ಲಾಸ್ಟಿಕ್ ತಡಿಕೆಗಳ ಮೂಲಕ ಬಾಲ್ಕನಿಯಿಂದ ಬಾಲ್ಕನಿಗೆ ಹರಡಿತು. ಆಮೇಲೆ ಬಾಲ್ಕನಿಗಳ ಸಾಮಗ್ರಿ ಮತ್ತು ಬೆಂಕಿ ಪತ್ತೆ ವ್ಯವಸ್ಥೆಗೆ ಅಂತರರಾಷ್ಟ್ರೀಯ ನಿಯಮ ಬಂತು. ಬಾಲ್ಕನಿಯಲ್ಲಿ ಸಿಗರೇಟು ಬೇಡ ಅಂದರೆ ಬೇಡ.

ಒಂದು ಗಂಭೀರ ವಿಷಯವನ್ನೂ ಹೇಳಬೇಕು. 2020ರ ಫೆಬ್ರವರಿಯಲ್ಲಿ ಕೊರೊನಾ ಸೋಂಕಿನ ಕಾರಣ ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ತಡೆದು ನಿಲ್ಲಿಸಿ ಪ್ರಯಾಣಿಕರನ್ನು ಕ್ಯಾಬಿನ್‌ಗಳಲ್ಲೇ ಇರಿಸಿದಾಗ, ಬಾಲ್ಕನಿ ಇದ್ದವರಿಗೆ ಹೊರಗಿನ ಗಾಳಿಯಾದರೂ ಇತ್ತು. ಕಿಟಕಿಯಿಲ್ಲದವರು ಡೆಕ್ಕಿನಲ್ಲಿ ಸ್ವಲ್ಪ ಹೊತ್ತು ನಡೆಯಲು ಸರದಿ ಕಾಯಬೇಕಾಯಿತು. ಅಂಥದ್ದನ್ನು ಲೆಕ್ಕಕ್ಕಿಟ್ಟು ಬುಕ್ ಮಾಡಿ ಎನ್ನುವುದಿಲ್ಲ. ಆದರೆ ಜ್ವರ ಬಂದು ಎರಡು ದಿನ ಕ್ಯಾಬಿನ್ನಿನಲ್ಲೇ ಇರಬೇಕಾಗುವುದು ಯಾರಿಗಾದರೂ ಆಗಬಹುದು. ಒಳಗಿನ ಕ್ಯಾಬಿನ್ ಬೇಡ ಎಂದು ನಾನು ಪಟ್ಟು ಹಿಡಿಯುವುದು ಅದಕ್ಕೇ.

ಓಷನ್ ವ್ಯೂ ಬಯಸುವವರು ಒಂದು ಮಾತು ಗಮನಿಸಿ: ಬೇಗ ಬುಕ್ ಮಾಡಿ. ಎಲ್ಲ ಕ್ಯಾಬಿನ್ನೂ ಹೊರಮುಖವಾಗಿದ್ದು, ಅವುಗಳಲ್ಲಿ ಹಲವಕ್ಕೆ ಬಾಲ್ಕನಿಯಿದ್ದ ರಾಯಲ್ ಪ್ರಿನ್ಸೆಸ್ 1984ರಲ್ಲಿ ನೀರಿಗಿಳಿದಾಗ ಅದೊಂದು ಹೊಸ ಸಂಗತಿ. ಈಗಿನ ಹೊಸ ಹಡಗುಗಳಲ್ಲಿ ಬಾಲ್ಕನಿಗಳೇ ಹೆಚ್ಚು, ಬರೀ ಕಿಟಕಿಯ ಕ್ಯಾಬಿನ್‌ಗಳು ಕಡಿಮೆ. ಹಡಗಿನ ನಡುಭಾಗದಲ್ಲಿರುವವು ಮೊದಲು ಖಾಲಿಯಾಗುತ್ತವೆ.

ಮೂರು ನಾಲ್ಕು ಜನ ಹೊರಟಿದ್ದರೆ ಇನ್ನೊಂದು ದಾರಿಯಿದೆ: ಹಿರಿಯರಿಗೆ ಬಾಲ್ಕನಿ ಕ್ಯಾಬಿನ್, ಉಳಿದವರಿಗೆ ಅದೇ ಡೆಕ್ಕಿನಲ್ಲಿ ಸಾಧ್ಯವಾದಷ್ಟು ಹತ್ತಿರದಲ್ಲಿ ಕಡಿಮೆ ದರದ್ದು. ಮಲಗುವುದು ಬೇರೆ ಬೇರೆ, ಹಗಲೆಲ್ಲ ಒಂದೇ ಬಾಲ್ಕನಿ. ಮುಂದಿನ ನಾರ್ವೆ ಪ್ರಯಾಣಕ್ಕೆ ನಾವು ಹೀಗೆ ಮಾಡುತ್ತಿದ್ದೇವೆ. ಅತ್ತೆ ಮಾತ್ರ ಆಗಲೇ ಒಂದು ಷರತ್ತು ಹಾಕಿದ್ದಾರೆ: "ಬಾಲ್ಕನಿ ನಂದೇ ಇರಲಿ, ಆದ್ರೆ ತೀರಾ ಮೇಲಿಂದು ಬೇಡಮ್ಮ, ಓಲಾಡುತ್ತೆ." ಹಡಗಿನ ನಡುಭಾಗದಲ್ಲಿ, ಬಾಲ್ಕನಿ ಶುರುವಾಗುವ ಅತ್ಯಂತ ಕೆಳಗಿನ ಡೆಕ್ಕಿನಲ್ಲಿ, ಲೈಫ್‌ಬೋಟ್ ಅಡ್ಡಬಾರದ ಒಂದು ನಂಬರ್ ಹುಡುಕಿ ಇಟ್ಟಿದ್ದೇನೆ. ನಾಳೆ ಫೋನ್ ಮಾಡಿ ಅದನ್ನೇ ಕೇಳುತ್ತೇನೆ.