ಆ ಇಬ್ಬರು ಹುಡುಗಿಯರನ್ನು ಯಾರು ಕೊಂದಿದ್ದು ಅಂತ ಕೇಳುವವರಿಗೆ

ಹೋದ ತಿಂಗಳು ಸಾಗರದಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ಕೂತಿದ್ದೆ. ಎಲೆಗೆ ಇನ್ನೂ ಉಪ್ಪು ಬಿದ್ದಿರಲಿಲ್ಲ, ಪಕ್ಕದವರು ಮೊಣಕೈಯಲ್ಲಿ ತಿವಿದು ಕೇಳಿದರು: "ಆ ಪನಾಮಾ ಹುಡುಗಿಯರನ್ನ ಯಾರು ಕೊಂದಿದ್ದು ಮಾರಾಯ? ನಿಂಗೆ ಗೊತ್ತಿರ್ಬೇಕಲ್ಲ?"

ನನಗೆ ಗೊತ್ತಿಲ್ಲ. ಯಾರಾದರೂ ಕೊಂದರು ಎಂಬುದೂ ಗೊತ್ತಿಲ್ಲ. ಇದನ್ನು ನೂರು ಸಲ ಹೇಳಿದ್ದೇನೆ. ಬಸ್ ಸ್ಟ್ಯಾಂಡಿನಲ್ಲಿ, ಸೊಸೈಟಿಯ ಕ್ಯೂನಲ್ಲಿ, ಒಂದು ಸಲ ಸಾವಿನ ಮನೆಯಲ್ಲೂ. ಇನ್ನು ಬಾಯಲ್ಲಿ ಹೇಳುವುದಿಲ್ಲ. ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಗೊತ್ತಿಲ್ಲದವರಿಗೆ ವಿಷಯ ಇಷ್ಟು. 2014ರ ಏಪ್ರಿಲ್ 1. ನಮ್ಮಲ್ಲಿ ಯುಗಾದಿಯ ಮಾರನೇ ದಿನ. ನೆದರ್ಲ್ಯಾಂಡ್ಸ್‌ನ ಇಬ್ಬರು ಹುಡುಗಿಯರು, ಒಬ್ಬಳಿಗೆ 21, ಇನ್ನೊಬ್ಬಳಿಗೆ 22, ಪನಾಮಾ ದೇಶದ ಬೊಕೆಟೆ ಎಂಬ ಊರಿನಿಂದ ಗುಡ್ಡ ಹತ್ತಲು ಹೋದರು. ಆ ದಾರಿಗೆ ಎಲ್ ಪಿಯಾನಿಸ್ತಾ ಅಂತ ಹೆಸರು. ಮಧ್ಯಾಹ್ನ ತುದಿ ಮುಟ್ಟಿ ನಗುತ್ತಾ ಫೋಟೋ ತೆಗೆದುಕೊಂಡರು. ವಾಪಸ್ ಬರಲಿಲ್ಲ. ಹುಡುಕಿದರು, ಹೆಲಿಕಾಪ್ಟರ್ ಹಾರಿಸಿದರು, ಅವರ ದೇಶದಿಂದ ಪೊಲೀಸರೂ ನಾಯಿಗಳೂ ಬಂದವು. ಸಿಗಲಿಲ್ಲ. ಜೂನ್‌ನಲ್ಲಿ ಅಲ್ಲಿಯ ಒಬ್ಬ ಹೆಂಗಸಿಗೆ ಹೊಳೆ ದಂಡೆಯಲ್ಲಿ ಅವರ ಬ್ಯಾಗ್ ಸಿಕ್ಕಿತು. ಒಳಗೆ ಎರಡು ಫೋನ್, ಕ್ಯಾಮೆರಾ, ನೀರಿನ ಬಾಟಲಿ, 83 ಡಾಲರ್ ದುಡ್ಡು. ಆಮೇಲೆ ಒಂದು ಬೂಟು, ಕೆಲವು ಮೂಳೆ. ಅಪಘಾತವೇ ಇರಬೇಕು ಅನ್ನುವುದು ಡಚ್ ತನಿಖೆಯವರ ಅಭಿಪ್ರಾಯ. ಹೇಗೆ ಸತ್ತರು ಅನ್ನುವುದು ಇವತ್ತಿಗೂ ಸಾಬೀತಾಗಿಲ್ಲ.

ನನ್ನನ್ನೇ ಯಾಕೆ ಕೇಳುತ್ತಾರೆ ಅಂದರೆ ನನ್ನ ಕೆಲಸ ಮೊಬೈಲ್ ಟವರ್ ನೋಡಿಕೊಳ್ಳುವುದು. ಹೊಸನಗರ, ತೀರ್ಥಹಳ್ಳಿ ಕಡೆ. ಈ ಕೇಸಿನ ಅರ್ಧ ಸಾಕ್ಷಿ ಫೋನಿನಲ್ಲಿದೆ. ಇನ್ನರ್ಧ ಕ್ಯಾಮೆರಾದಲ್ಲಿ. ಶಿವಮೊಗ್ಗದಲ್ಲಿ ನನಗೊಬ್ಬ ಸ್ಟುಡಿಯೋ ಇಟ್ಟುಕೊಂಡ ಸ್ನೇಹಿತನಿದ್ದಾನೆ, ಒಬ್ಬರು ಭೂಗೋಳದ ಮೇಷ್ಟ್ರಿದ್ದಾರೆ. ಭಾನುವಾರ ಸ್ಟುಡಿಯೋದ ಹಿಂದಿನ ರೂಮಿನಲ್ಲಿ ಕೂತು ನಾವು ಮೂವರೂ ಇದನ್ನು ಎಷ್ಟೋ ವರ್ಷ ತಿರುವಿ ಹಾಕಿದ್ದೇವೆ. ಸುಮ್ನೆ ಹೊತ್ತು ಕಳೆಯೋಕೆ ಅಂತ ಕೆಲವರು ಅನ್ನುತ್ತಾರೆ. ಹಾಗಲ್ಲ. ಮೇಷ್ಟ್ರಿಗೆ ಇಬ್ಬರು ಹೆಣ್ಣುಮಕ್ಕಳು. ನನಗೊಬ್ಬ ತಂಗಿ.

ಮೊದಲು ಫೋನಿನ ವಿಷಯ ಹೇಳುತ್ತೇನೆ. ನನಗೆ ಗೊತ್ತಿರುವುದು ಅದು.

ಅದೇ ದಿನ ಸಂಜೆ 4 ಗಂಟೆ 39 ನಿಮಿಷಕ್ಕೆ ಒಂದು ಫೋನಿನಿಂದ 112ಕ್ಕೆ ಕರೆ ಹೋಗಿದೆ. 4 ಗಂಟೆ 51 ನಿಮಿಷಕ್ಕೆ ಇನ್ನೊಂದರಿಂದ. 112 ಅವರ ದೇಶದ ತುರ್ತು ನಂಬರ್. ಮುಂದಿನ ದಿನಗಳಲ್ಲಿ ಪನಾಮಾದ 911ಕ್ಕೂ ಮಾಡಿದ್ದಾರೆ. ಒಂದೂ ತಲುಪಲಿಲ್ಲ. ಆಗ ಜನ ಕೇಳುತ್ತಾರೆ: "ಎಮರ್ಜೆನ್ಸಿ ಕಾಲ್ ಸಿಗ್ನಲ್ ಇಲ್ಲದಿದ್ರೂ ಹೋಗುತ್ತಲ್ಲ? ಹೋಗಿಲ್ಲ ಅಂದ್ರೆ ಯಾರೋ ತಡೆದಿದ್ದಾರೆ."

ಹೋಗುವುದಿಲ್ಲ. ದಯವಿಟ್ಟು ಇದೊಂದನ್ನು ತಿಳಿದುಕೊಳ್ಳಿ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಹತ್ತಿರ ಇದ್ದರೆ ತುರ್ತು ಕರೆ ಅದರ ಮೂಲಕ ಹೋಗುತ್ತದೆ. ಯಾವ ಟವರೂ ಇಲ್ಲದ ಕಡೆ ಫೋನು ಬರೀ ಟಾರ್ಚು. ಗುಡ್ಡ ಅಡ್ಡ ಬಂದರೆ ಸಿಗ್ನಲ್ ಬಗ್ಗಿ ಬರುವುದಿಲ್ಲ. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾ? ಒಂದು ಬಾರ್ ಸಿಗ್ನಲ್ಲಿಗೆ ಮಕ್ಕಳು ಗುಡ್ಡದ ಮೇಲಿನ ಕಲ್ಲು ಹತ್ತಿ ಆನ್‌ಲೈನ್ ಪಾಠ ಕೇಳಿದ ಊರು ನಮ್ಮದು. ನೆಟ್‌ವರ್ಕ್ ಕೊಡದಿದ್ದರೆ ಓಟಿಲ್ಲ ಅಂತ ನಮ್ಮ ಹಳ್ಳಿಗಳವರು ಬೋರ್ಡ್ ನಿಲ್ಲಿಸಿದ್ದರು. ಅದೇ ಜನ ಪನಾಮಾದ ಕಾಡಿನಲ್ಲಿ ಕರೆ ಹೋಗಲಿಲ್ಲ ಅಂದರೆ ಅನುಮಾನ ಪಡುತ್ತಾರೆ.

ಎರಡನೆಯದು ಪಿನ್. ಏಪ್ರಿಲ್ 5 ಆದ ಮೇಲೆ ಒಂದು ಫೋನನ್ನು ಆಗಾಗ ಆನ್ ಮಾಡಿದ್ದಾರೆ, ಸರಿಯಾದ ಪಿನ್ ಹಾಕಿಲ್ಲ. ಕೊನೆಯ ಸಲ ಆನ್ ಆಗಿದ್ದು 11ನೇ ತಾರೀಖು. "ಹಂಗಾದ್ರೆ ಅದು ಕಳ್ಳನ ಕೈಲಿತ್ತು" ಅನ್ನುತ್ತಾರೆ. ಇರಬಹುದು. ಫೋನಿನ ಒಡತಿಗೆ ಎಚ್ಚರ ತಪ್ಪಿ, ಪಿನ್ ಗೊತ್ತಿಲ್ಲದ ಗೆಳತಿ ಆನ್ ಮಾಡಿರಲೂಬಹುದು. ಇನ್ನೂ ಒಂದಿದೆ. ತುರ್ತು ಕರೆಗೆ ಪಿನ್ ಬೇಕಿಲ್ಲ. ಸಿಗ್ನಲ್ ಬಂತಾ ಅಂತ ನೋಡಿ ಆಫ್ ಮಾಡುವವರು ಪಿನ್ ಯಾಕೆ ಹಾಕುತ್ತಾರೆ? ಸಿಗ್ನಲ್ ಇಲ್ಲದ ಕಡೆ ಫೋನು ಟವರ್ ಹುಡುಕುತ್ತಲೇ ಇರುತ್ತದೆ, ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಆಫ್ ಮಾಡಿಡುವುದೇ ಬುದ್ಧಿವಂತಿಕೆ. ನನಗೆ ಆ ದಾಖಲೆಯಲ್ಲಿ ಕಾಣುವುದು ಬ್ಯಾಟರಿಯನ್ನು ಜೋಪಾನ ಮಾಡಿದ ಯಾರೋ ಒಬ್ಬರು. ಅದು ಯಾರು ಅಂತ ಫೋನು ಹೇಳುವುದಿಲ್ಲ. ಅಲ್ಲಿಗೆ ನಾನೂ ನಿಲ್ಲಬೇಕು.

ನನಗೂ ಒಂದು ಸಲ ಹಾಗಾಗಿದೆ. ಆಷಾಢದ ಮಳೆ, ಕರೆಂಟ್ ಹೋಗಿ ಮೂರು ದಿನ. ಗುಡ್ಡದ ಮೇಲಿನ ಟವರಿನ ಬ್ಯಾಟರಿ ಸತ್ತಿತ್ತು, ಜನರೇಟರ್ ಕೈ ಕೊಟ್ಟಿತ್ತು. ಒಬ್ಬನೇ ಹತ್ತಿ ಹೋದೆ. ರಿಪೇರಿ ಆಗಲಿಲ್ಲ, ಕತ್ತಲಾಯಿತು, ಇಳಿಯುವಾಗ ಕಾಲು ಉಳುಕಿತು. ಟವರ್ ಇನ್ನೂ ತಲೆ ಮೇಲೇ ಕಾಣುತ್ತಿತ್ತು, ಫೋನಿನಲ್ಲಿ ಒಂದು ಗೆರೆಯೂ ಇಲ್ಲ. ಇಂಬಳ ಕಾಲಿಗೆ ಹತ್ತುವುದು ಗೊತ್ತಾಗುತ್ತಿತ್ತು. ಟಾರ್ಚ್ ಆರಿಸಿ ಕೂತೆ. ಹತ್ತು ನಿಮಿಷಕ್ಕೊಮ್ಮೆ ಫೋನ್ ಆನ್ ಮಾಡುವುದು, ನೋಡುವುದು, ಆಫ್ ಮಾಡುವುದು. ಸಿಗ್ನಲ್ ಬರುವುದಿಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ನೋಡುತ್ತಿದ್ದೆ. ರಾತ್ರಿ 9ಕ್ಕೆ ಕೆಳಗಿನ ಮನೆಯವರು ಲಾಟೀನು ಹಿಡಿದು ಬಂದರು. ನಾನು ಹತ್ತಿ ಹೋಗಿದ್ದನ್ನು ಅವರು ನೋಡಿದ್ದರು, ಇಳಿದಿದ್ದನ್ನು ನೋಡಿರಲಿಲ್ಲ. ಬದುಕಿದ್ದು ಅದರಿಂದ.

ಬ್ಯಾಗಿನ ವಿಷಯಕ್ಕೂ ಜಗಳ ಇದೆ. ಹಿಂದಿನ ದಿನ ಅದು ಅಲ್ಲಿರಲಿಲ್ಲ ಅಂತ ಆ ಹೆಂಗಸು ಹೇಳಿದಳಂತೆ. ಒಳಗಿನ ಸಾಮಾನು ಚೆನ್ನಾಗೇ ಇತ್ತು. "ನೋಡು, ಯಾರೋ ತಂದಿಟ್ಟಿದ್ದು" ಅನ್ನುತ್ತಾರೆ. ಹೊಳೆ ಏನು ಮಾಡುತ್ತದೆ ಅಂತ ನಾನು ಕಂಡಿದ್ದೇನೆ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಕಾಲುಸಂಕದ ಮೇಲಿಂದ ತಂಗಿಯ ಊಟದ ಡಬ್ಬಿ ಹಳ್ಳಕ್ಕೆ ಬಿತ್ತು. ಆರಿದ್ರೆ ಮಳೆ. ದೀಪಾವಳಿ ಹೊತ್ತಿಗೆ ಎರಡು ಮೈಲಿ ಕೆಳಗೆ ಒಬ್ಬರ ತೋಟದ ಬೇಲಿಯಲ್ಲಿ ಸಿಕ್ಕಿತು. ಮುಚ್ಚಳ ಹಾಗೇ ಇತ್ತು. ಬೇಲಿಯವರು, ನಿನ್ನೆ ಇರಲಿಲ್ಲ ಮಾರ್ರೆ, ಅಂತಲೇ ಹೇಳಿದ್ದು. ಹಾಗಂತ ಆ ಬ್ಯಾಗನ್ನು ಹೊಳೆಯೇ ತಂದಿತು ಅಂತ ನಾನು ಹೇಳುತ್ತಿಲ್ಲ. ತರಬಹುದು ಅಂತ ಅಷ್ಟೆ. ಕ್ಯಾಮೆರಾದಲ್ಲಿ 508ರ ನಂತರ 509ನೇ ಫೋಟೋ ಇಲ್ಲ, 510 ಇದೆ. ಅದಕ್ಕೂ ಎಲ್ಲರೂ ಒಪ್ಪುವ ಉತ್ತರ ಇಲ್ಲ. ಸ್ಟುಡಿಯೋ ಸ್ನೇಹಿತ ಅದರ ಮೇಲೆ ಎಷ್ಟು ಭಾನುವಾರ ಕಳೆದಿದ್ದಾನೆ ಅಂತ ಅವನ ಹೆಂಡತಿಯನ್ನು ಕೇಳಿ.

ನನಗೆ ಸಿಟ್ಟು ಬರುವುದು "ಯಾರು" ಅನ್ನುವ ಮಾತಿಗೆ. "ಏನಾಯ್ತು" ಅಂತ ಕೇಳಿದರೆ ಕೂತು ಮಾತಾಡಬಹುದು. "ಯಾರು" ಅಂದಕೂಡಲೇ ಒಂದು ಹೆಸರು ಕೊಡಬೇಕು. ಕೊಟ್ಟರು ಕೂಡ. ಆ ಊರಿನ ಬಡಪಾಯಿಗಳ ಹೆಸರುಗಳನ್ನು ಜಗತ್ತಿನ ಎಲ್ಲೆಲ್ಲೋ ಕೂತವರು ಕೊಲೆಗಾರರ ಪಟ್ಟಿಗೆ ಸೇರಿಸಿದರು. ಯಾರ ಮೇಲೂ ಅಪರಾಧ ಸಾಬೀತಾಗಿಲ್ಲ. ಸ್ವಲ್ಪ ಯೋಚನೆ ಮಾಡಿ. ನಾಳೆ ಕೊಡಚಾದ್ರಿಗೆ ಬಂದ ಇಬ್ಬರು ಹುಡುಗಿಯರು ಕಾಣೆಯಾದರೆ ಮೊದಲ ಬೆರಳು ಯಾರ ಕಡೆ ಹೋಗುತ್ತದೆ? ನಿಟ್ಟೂರಿನ, ಕಟ್ಟಿನಹೊಳೆಯ ಜೀಪಿನವರ ಕಡೆ. ದಾರಿ ತೋರಿಸಿದ ಹುಡುಗನ ಕಡೆ. ಆ ಹುಡುಗ ನಿಮ್ಮ ಅಕ್ಕನ ಮಗ ಇರಬಹುದು. ಕೊಲೆ ಆಗಿರಲಿಕ್ಕಿಲ್ಲ ಅಂತ ನಾನು ಹೇಳುತ್ತಿಲ್ಲ. ಆಗಿದ್ದರೆ ಹಿಡಿಯಬೇಕು, ಶಿಕ್ಷೆ ಆಗಬೇಕು. ಆದರೆ ಸಾಕ್ಷಿ ಎಲ್ಲಿ ಮುಗಿಯುತ್ತದೋ ಅಲ್ಲಿ ನಮ್ಮ ಬಾಯಿಯೂ ಮುಗಿಯಬೇಕು, ಅಲ್ವಾ?

ಇಷ್ಟು ವರ್ಷದಲ್ಲಿ ನನಗೆ ಬೇಕಾದ ಪ್ರಶ್ನೆ ಕೇಳಿದವರು ಒಬ್ಬರೇ.

ಅದು ಅಡಿಕೆ ಕೊನೆ ಕೊಯ್ಲಿನ ಸಮಯ. ಹೊಸನಗರದ ಹತ್ತಿರ ನೆಂಟರ ಮನೆಯಲ್ಲಿ ರಾತ್ರಿ ಅಡಿಕೆ ಸುಲಿತ ನಡೆದಿತ್ತು. ಹತ್ತು ಹದಿನೈದು ಜನ ಮೆಟ್ಟುಗತ್ತಿ ಮೇಲೆ ಕೂತಿದ್ದರು. ಯಾರೋ ಈ ವಿಷಯ ತೆಗೆದರು. ಒಬ್ಬ ಗೈಡೇ ಮಾಡಿದ್ದು ಅಂದ, ಇನ್ನೊಬ್ಬ ಗಾಂಜಾದವರು ಅಂದ, ಮತ್ತೊಬ್ಬ ನರಭಕ್ಷಕರು ಅಂದ. ಅವನಿಗೆ ಮಾತಿನ ಭರದಲ್ಲಿ ಕೈ ನಿಂತಿತ್ತು, ಪಕ್ಕದವಳು, ನರಭಕ್ಷಕರು ಬಂದು ನಿನ್ನ ಡಬ್ಬ ತುಂಬ್ತಾರಾ, ಸುಲಿ ಮೊದ್ಲು, ಅಂದಳು. ಎಲ್ಲರೂ ನಕ್ಕರು. ಮೂಲೆಯಲ್ಲಿ ಆ ಮನೆಯ ಅಜ್ಜಿ ಕೂತಿದ್ದರು. ಎಂಬತ್ತು ದಾಟಿದೆ. ಕೈ ನಿಲ್ಲಿಸದೆ ಕೇಳಿದರು.

"ಅಪ್ಪಿ, ಆ ಮಕ್ಳಿಗೆ ಮಳೆ ಬಂತಾ?"

ಯಾರೂ ಮಾತಾಡಲಿಲ್ಲ. ನಾನು ಹೇಳಿದೆ. ಅಜ್ಜಿ, ಏಪ್ರಿಲ್ 8ರ ನಡುರಾತ್ರಿ ಕಳೆದ ಮೇಲೆ, 1 ಗಂಟೆಯಿಂದ 4 ಗಂಟೆಯೊಳಗೆ ಅವರ ಕ್ಯಾಮೆರಾದಲ್ಲಿ ಸುಮಾರು 90 ಫೋಟೋ ತೆಗೆದಿದ್ದಾರೆ, ಫ್ಲ್ಯಾಶ್ ಹಾಕಿ. ಜಾಸ್ತಿ ಫೋಟೋಗಳಲ್ಲಿ ಬರೀ ಕಪ್ಪು. ಕೆಲವದರಲ್ಲಿ ಬಂಡೆ, ಮರದ ಕೊಂಬೆ, ಕಡ್ಡಿಗೆ ಕಟ್ಟಿದ ಕೆಂಪು ಪ್ಲಾಸ್ಟಿಕ್ ಚೂರು. ಒಂದರಲ್ಲಿ ಒಬ್ಬಳ ತಲೆಗೂದಲು. ಗಾಳಿಯಲ್ಲಿ ನೀರಿನ ಹನಿಯೂ ಕಾಣುತ್ತದೆ. ಮಳೆ ಇದ್ದಿರಬೇಕು.

ಅಜ್ಜಿ ಅವತ್ತು ಯಾವ ತಿಥಿ ಅಂತ ಕೇಳಿದರು. ನನಗೆ ತಿಥಿ ಗೊತ್ತಿರಲಿಲ್ಲ. ಹಿಂದಿನ ದಿನ ಯುಗಾದಿ ಆಗಿತ್ತಲ್ಲ, ಅವರು ಹೊರಟ ದಿನಕ್ಕೆ, ಅಂದೆ. ಅಜ್ಜಿ ಚೊಗರಿಗೆ ಕಪ್ಪಾದ ಬೆರಳು ಮಡಚಿ ಎಣಿಸಿದರು. ಪಾಡ್ಯ, ಬಿದಿಗೆ, ತದಿಗೆ. ಎಂಟನೇ ತಾರೀಖಿಗೆ ಬಂದು ನಿಂತರು.

"ರಾಮನವಮಿ."

ಹೌದು. ಅಲ್ಲಿಗೂ ನಮಗೂ ಹತ್ತೂವರೆ ಗಂಟೆ ವ್ಯತ್ಯಾಸ. ಅಲ್ಲಿ ಆ ಕತ್ತಲಲ್ಲಿ ಫ್ಲ್ಯಾಶ್ ಮಿಂಚುತ್ತಿದ್ದಾಗ ಇಲ್ಲಿ ಬಿರುಬಿಸಿಲ ಮಧ್ಯಾಹ್ನ. ನಾವು ದೇವಸ್ಥಾನದಲ್ಲಿ ಪಾನಕ ಕುಡಿಯುತ್ತಿದ್ದೆವು.

"ಅಷ್ಟಮಿ ನವಮಿ ಚಂದ್ರ ನಡುರಾತ್ರಿ ದಾಟಿದ ಮೇಲೆ ಮುಳುಗ್ತಾನೆ," ಅಂದರು ಅಜ್ಜಿ. "ಅಲ್ಲೀವರೆಗೆ ಚೂರು ಬೆಳಕಿತ್ತು. ಆಮೇಲೆ ಪೂರ್ತಿ ಕತ್ಲಾಯ್ತು. ಮಕ್ಳು ಹೆದ್ರಿ ಬೆಳ್ಕು ಮಾಡ್ಕೊಂಡಿದಾವೆ."

ನಾನು ಸುಲಿಯುವುದನ್ನು ಬಿಟ್ಟೆ. ವರ್ಷಗಟ್ಟಲೆ ಆ ಫೋಟೋ ನೋಡಿದ್ದೇವೆ. ಹುಡುಕುವವರಿಗೆ ಸನ್ನೆಯಾ, ಪ್ರಾಣಿ ಓಡಿಸಲಿಕ್ಕಾ, ಗೆಳತಿಯ ಗಾಯ ನೋಡಲಿಕ್ಕಾ ಅಂತ ವಾದ ಮಾಡಿದ್ದೇವೆ. ಆ ರಾತ್ರಿ ಚಂದ್ರ ಎಷ್ಟು ಹೊತ್ತಿಗೆ ಮುಳುಗಿದ ಅಂತ ನಮ್ಮ ಮೂವರಲ್ಲಿ ಯಾರೂ ಕೇಳಿರಲಿಲ್ಲ. ಮುಂದಿನ ಭಾನುವಾರ ಮೇಷ್ಟ್ರು ಲೆಕ್ಕ ಹಾಕಿದರು. ಆ ಊರಿನಲ್ಲಿ ಚಂದ್ರ ಮುಳುಗಿದ್ದು 1 ಗಂಟೆಯ ಆಸುಪಾಸು. ಇದು ಸಾಕ್ಷಿ ಅಲ್ಲ. ಮೋಡ ಇದ್ದರೆ ಚಂದ್ರ ಇದ್ದೂ ಇಲ್ಲ. ಮರದ ಕೆಳಗೆ ಬೆಳದಿಂಗಳು ಇಳಿಯುವುದೂ ಕಷ್ಟ. ಇದರಿಂದ ಯಾರನ್ನೂ ಹಿಡಿಯಲಿಕ್ಕೆ ಆಗುವುದಿಲ್ಲ. ಆದರೆ ಅಲ್ಲಿಯವರೆಗೆ ನಮಗೆ ಅವು 90 ಫೋಟೋ. ಅವತ್ತಿಂದ ಅದೊಂದು ರಾತ್ರಿ.

ಮಳೆ ಬಂತಾ, ಹೊದೆಯಲು ಏನಿತ್ತು, ಯಾಕೆ ಯಾರಿಗೂ ಕೇಳಿಸಲಿಲ್ಲ, ಆ ದಾರಿಯಲ್ಲಿ ಹೋದವರು ಬರದಿದ್ದರೆ ಗಮನಿಸುವ ಒಂದು ಮನೆಯೂ ಇರಲಿಲ್ಲವಾ. ಇದನ್ನು ಕೇಳಿ. ನನ್ನ ಊಟದ ಎಲೆ ಒಣಗಿದರೂ ಪರವಾಗಿಲ್ಲ, ಗೊತ್ತಿದ್ದಷ್ಟು ಹೇಳುತ್ತೇನೆ.

ಅವತ್ತು ರಾತ್ರಿ ಹನ್ನೊಂದಕ್ಕೆ ಸುಲಿತ ಮುಗಿಯಿತು. ಹೆಂಗಸರು ಕೈಗೆ ಎಣ್ಣೆ ಹಚ್ಚಿ ಚೊಗರು ತಿಕ್ಕುತ್ತಿದ್ದರು. ನಾನು ಹೊರಟಾಗ ಅಜ್ಜಿ ಕರೆದರು. ಅಷ್ಟು ಹೊತ್ತೂ ಅದನ್ನೇ ಯೋಚಿಸುತ್ತಿದ್ದರು ಅಂತ ಕಾಣುತ್ತದೆ.

"ಅಪ್ಪಿ, ಕುಡಿಯೋಕೆ ನೀರಿತ್ತಾ ಅವ್ಕೆ?"

"ಹಳ್ಳದ ಪಕ್ಕಾನೇ ಇದ್ರು ಅಂತ ಕಾಣುತ್ತೆ ಅಜ್ಜಿ. ಬ್ಯಾಗಲ್ಲಿ ಬಾಟ್ಲಿ ಇತ್ತು."

"ಹಂಗಾರೆ ನೀರಿತ್ತು," ಅಂದರು. ಸೆರಗಿನಲ್ಲಿ ಕೈ ಒರೆಸಿಕೊಂಡು, ನನ್ನ ಟಾರ್ಚಿನಲ್ಲಿ ಸೆಲ್ ಇದೆಯಾ ಅಂತ ಹೊತ್ತಿಸಿ ನೋಡಿ ಕೊಟ್ಟರು.