ಸಂಪುಟ 7ರ ಕಾಟ: ‘ಹಾರ್ಟ್’ ಜರ್ನಲ್ ಉಲ್ಲೇಖ ಲೆಕ್ಕದ ಹೊಸ ಟಿಪ್ಪಣಿ

1945ರ ಕಂಬ ಕೊನೆಗೂ ಬಿತ್ತು!

ಈ ಪ್ರಾಜೆಕ್ಟನ್ನು ನೋಡುತ್ತಾ ಬಂದವರಿಗೆ ಆ ಕಂಬ ಗೊತ್ತು. ಬ್ರಿಟನ್ನಿನ ಹೃದ್ರೋಗ ವಿಜ್ಞಾನದ ‘ಹಾರ್ಟ್’ ಜರ್ನಲ್‌ನಲ್ಲಿ ಯಾವ ವರ್ಷ ಅಚ್ಚಾದ ಲೇಖನಗಳನ್ನು ಇವತ್ತಿನ ಸಂಶೋಧಕರು ಎಷ್ಟು ಉಲ್ಲೇಖಿಸುತ್ತಾರೆ ಅಂತ ಒಂದು ಗ್ರಾಫ್ ಹಾಕಿದ್ದೆ. ಅದರಲ್ಲಿ 1945ರ ಕಂಬ ಕಾರಣವೇ ಇಲ್ಲದೆ ಎತ್ತರಕ್ಕೆ ನಿಂತಿತ್ತು. 1958 ಕೂಡ ಎದ್ದು ಕಾಣುತ್ತದೆ. ಅದು ಸರಿ. ಡೊನಾಲ್ಡ್ ಟೀರ್ ಅವರ ಲೇಖನ ಬಂದದ್ದು ಆ ವರ್ಷ, 20ನೇ ಸಂಪುಟದ ಮೊದಲ ಪುಟದಲ್ಲೇ. ಹೃದಯದ ಗೋಡೆ ಒಂದೇ ಕಡೆ ದಪ್ಪವಾಗಿ ಎಳೆಯ ವಯಸ್ಸಿನವರು ಸಾಯುವುದನ್ನು ಅವರು ವಿವರಿಸಿದರು. ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಅನ್ನುವ ಈ ಹೃದಯ ಸ್ನಾಯುವಿನ ಕಾಯಿಲೆ ಬಗ್ಗೆ ಬರೆಯುವವರು ಇವತ್ತಿಗೂ ಅಲ್ಲಿಂದಲೇ ಶುರು ಮಾಡುತ್ತಾರೆ. 1960ಕ್ಕೂ ಕಾರಣ ಇದೆ, ಹೋಲ್ಟ್ ಮತ್ತು ಓರಮ್ ತಮ್ಮ ಹೆಸರಿನ ಸಿಂಡ್ರೋಮನ್ನು (ಕೈ ಮತ್ತು ಹೃದಯದ ಹುಟ್ಟು ದೋಷ) ಬರೆದದ್ದು ಆಗ. 1975ಕ್ಕೆ ವಾಗ್‌ಸ್ಟೈನ್ ತಂಡ ಇದೆ, ಅವರ ಕಥೆ ಆಮೇಲೆ. 1980ಕ್ಕೆ ಕಾರ್ಡಿಯೋಮಯೋಪತಿಗಳನ್ನು ವಿಂಗಡಿಸಿದ ವಿಶ್ವ ಆರೋಗ್ಯ ಸಂಸ್ಥೆಯ ವರದಿ ಇದೆ. ಬರೀ ಎರಡು ಪುಟ, ಆದರೆ ಅದನ್ನು ಉಲ್ಲೇಖಿಸಿದವರ ಸಾಲು ಮುಗಿಯುವುದೇ ಇಲ್ಲ.

ಆದರೆ 1945? ಯುದ್ಧ ಮುಗಿದ ವರ್ಷ. ಬ್ರಿಟನ್ನಿನಲ್ಲಿ ಕಾಗದಕ್ಕೂ ರೇಷನ್ ಇದ್ದ ಕಾಲ. ಆ ಸಂಪುಟದ ವಿಷಯಪಟ್ಟಿಯನ್ನು ಎಷ್ಟು ಸಲ ಮೇಲಿಂದ ಕೆಳಗೆ ಓದಿದರೂ ಅಷ್ಟು ದೊಡ್ಡ ಕಂಬಕ್ಕೆ ತಕ್ಕ ಲೇಖನ ಕಾಣಲಿಲ್ಲ. ಇನ್ನೊಂದು ವಿಚಿತ್ರ ಏನೆಂದರೆ, ಆ ಸಂಪುಟವನ್ನು ಉಲ್ಲೇಖಿಸುತ್ತಿದ್ದವರಲ್ಲಿ ಬಹಳ ಜನ ಹೃತ್ಕರ್ಣದ ಕಂಪನ, ಅಂದರೆ ಏಟ್ರಿಯಲ್ ಫಿಬ್ರಿಲೇಶನ್ ಬಗ್ಗೆ ಕೆಲಸ ಮಾಡುವವರು. ಇವರಿಗೆಲ್ಲ 1945ರಲ್ಲಿ ಏನು ಕೆಲಸ?

ಡೇಟಾ ಇಳಿಸಿದ್ದು, ಡಿಒಐ (ಪ್ರತಿ ಲೇಖನದ ಡಿಜಿಟಲ್ ಗುರುತು ಸಂಖ್ಯೆ) ಜೋಡಿಸಿದ್ದು, ನಕಲು ದಾಖಲೆ ಕಿತ್ತದ್ದು ಎಲ್ಲ ನಿಮಗೆ ಗೊತ್ತಿರುವುದೇ. ಸುಮ್ನೆ ಬರೆದು ನಿಮ್ಮ ತಲೆ ತಿನ್ನುವುದಿಲ್ಲ. ನೇರವಾಗಿ ಗಂಟಿಗೆ ಬರುತ್ತೇನೆ.

ಈ ಜರ್ನಲ್ ಹುಟ್ಟಿದ್ದು 1939ರಲ್ಲಿ, ‘ಬ್ರಿಟಿಷ್ ಹಾರ್ಟ್ ಜರ್ನಲ್’ ಅನ್ನುವ ಹೆಸರಲ್ಲಿ. 1996ರಲ್ಲಿ ಹೆಸರು ಕತ್ತರಿಸಿ ಬರೀ ‘ಹಾರ್ಟ್’ ಮಾಡಿದರು. ಸಂಪುಟದ ಸಂಖ್ಯೆ ಮಾತ್ರ ಹಾಗೇ ಮುಂದುವರಿಯಿತು: 1995 ಮುಗಿದದ್ದು 74ರಲ್ಲಿ, 1996 ಶುರುವಾದದ್ದು 75ರಲ್ಲಿ. ಹಾಗಾಗಿ ಎರಡೂ ಹೆಸರನ್ನು ಒಂದೇ ಡಬ್ಬಿಗೆ ಹಾಕುವುದು ನ್ಯಾಯ. ನಾನು ಇಳಿಸಿಕೊಂಡ ಮುಕ್ತ ಡೇಟಾದಲ್ಲಿ ಹಳೆಯ ಲೇಖನಗಳಿಗೂ ‘ಹಾರ್ಟ್’ ಅನ್ನುವ ಹಣೆಪಟ್ಟಿಯೇ ಇತ್ತು. ಡಿಒಐಗಳೂ ಹಾಗೇ, 1950ರ ದಶಕದ ಲೇಖನಕ್ಕೂ ‘ಎಚ್‌ಆರ್‌ಟಿ’ ಅನ್ನುವ ಅಕ್ಷರಗಳೇ ಇರುತ್ತವೆ. ಇಲ್ಲಿಯವರೆಗೆ ತೊಂದರೆ ಇಲ್ಲ.

ತೊಂದರೆ ಇರುವುದು ಇದಕ್ಕೂ ಹಿಂದೆ. ಸರ್ ಥಾಮಸ್ ಲೂಯಿಸ್ 1909ರಲ್ಲಿ ಲಂಡನ್ನಿನಲ್ಲಿ ಇನ್ನೊಂದು ಜರ್ನಲ್ ಶುರು ಮಾಡಿದ್ದರು. ಅದರ ಹೆಸರೂ ‘ಹಾರ್ಟ್’! ಇಸಿಜಿ ಇನ್ನೂ ಹೊಸದಾಗಿದ್ದ ಕಾಲ. ಹೃದಯದ ಲಯದ ಬಗ್ಗೆ ಲೂಯಿಸ್ ಮತ್ತು ಜೊತೆಗಾರರ ದೊಡ್ಡ ದೊಡ್ಡ ಲೇಖನಗಳು ಅದರಲ್ಲೇ ಬಂದವು. 1933ರಲ್ಲಿ ಅದು ಹೆಸರು ಬದಲಿಸಿಕೊಂಡು ‘ಕ್ಲಿನಿಕಲ್ ಸೈನ್ಸ್’ ಆಯಿತು. ಈ ಎರಡು ‘ಹಾರ್ಟ್’ಗಳಿಗೆ ವಂಶದ ಸಂಬಂಧ ಇಲ್ಲ. ಲೂಯಿಸ್ ಅವರದು 16 ಸಂಪುಟಕ್ಕೆ ನಿಂತಿತು. ನಮ್ಮ ಜರ್ನಲ್‌ನ ಮೊದಲ 16 ಸಂಪುಟ ಅಂದರೆ 1939ರಿಂದ 1954. ಈಗ ಗೊತ್ತಾಯಿತು ಅಲ್ವಾ?

ಲೂಯಿಸ್, ಫೈಲ್, ಸ್ಟ್ರೌಡ್ ಮೂವರೂ ಸೇರಿ ಫ್ಲಟರ್ (ಹೃತ್ಕರ್ಣದ ಅತಿವೇಗದ ಬಡಿತ) ಮತ್ತು ಫಿಬ್ರಿಲೇಶನ್ ಬಗ್ಗೆ ಬರೆದದ್ದು ಹಳೆಯ ‘ಹಾರ್ಟ್’ನ 7ನೇ ಸಂಪುಟ, 191ನೇ ಪುಟದಿಂದ. ವರ್ಷ 1920. ಲಯದ ವಿಷಯ ಬರೆಯುವವರು ಇವತ್ತಿಗೂ ಅದನ್ನು ಬಿಡುವುದಿಲ್ಲ. ನಮ್ಮ ಜರ್ನಲ್‌ನ 7ನೇ ಸಂಪುಟ ಯಾವ ವರ್ಷ? 1945.

‘ಅಷ್ಟೇ ತಾನೆ, 1939ಕ್ಕಿಂತ ಹಿಂದಿನ ವರ್ಷ ಇರುವುದನ್ನೆಲ್ಲ ಕಿತ್ತು ಬಿಸಾಕು’ ಅನ್ನುತ್ತೀರಿ. ಅದು ಮೊದಲ ದಿನವೇ ಆಗಿತ್ತು. ಆದರೂ ಕಂಬ ನಿಂತೇ ಇತ್ತು. ಯಾಕೆಂದರೆ ಅಲ್ಲಿಗೆ ಬಂದು ಬೀಳುತ್ತಿದ್ದ ಉಲ್ಲೇಖಗಳಲ್ಲಿ ವರ್ಷವೇ ಇರಲಿಲ್ಲ.

ವರ್ಷ ಎಲ್ಲಿ ಹೋಯಿತು ಅಂತ ಹುಡುಕಿದ ಕಥೆ ಸ್ವಲ್ಪ ನಗು ಬರಿಸುವಂಥದ್ದು. ಲೂಯಿಸ್ ಕಾಲದ ಸಂಪುಟಗಳು ಜನವರಿಗೆ ಶುರುವಾಗಿ ಡಿಸೆಂಬರ್‌ಗೆ ಮುಗಿಯುವ ಶಿಸ್ತಿನವಲ್ಲ. ಮೊದಲ ಸಂಪುಟವೇ 1909–10. ಹಾಗಾಗಿ ಉಲ್ಲೇಖಿಸುವವರು ನಿಯತ್ತಾಗಿ ‘1909–10’ ಅಂತಲೇ ಬರೆಯುತ್ತಾರೆ. ನಡುವೆ ಗೆರೆ ಇರುವ ಆ ಬರಹವನ್ನು ಕಂಪ್ಯೂಟರ್ ಸಂಖ್ಯೆ ಅಂತ ಒಪ್ಪುವುದಿಲ್ಲ, ಖಾಲಿ ಬಿಡುತ್ತದೆ. ಖಾಲಿ ವರ್ಷ ಕಂಡ ತಕ್ಷಣ ಹೊಂದಿಸುವ ಪ್ರೋಗ್ರಾಂ ಉಳಿದದ್ದನ್ನು ನೋಡುತ್ತದೆ. ಜರ್ನಲ್ ‘ಹಾರ್ಟ್’, ಸಂಪುಟ 1. ಸರಿ, 1939ರ ಡಬ್ಬಿಗೆ ಹಾಕು! ಒಂದೇ ಹೆಸರು, ಒಂದೇ ಮನೆ ನಂಬರ್, ಊರು ಮಾತ್ರ ಬೇರೆ. ವಿಳಾಸದಲ್ಲಿ ಊರಿನ ಹೆಸರೇ ಅಳಿಸಿಹೋಗಿದ್ದರೆ ಪೋಸ್ಟ್‌ಮನ್ ತಾನೇ ಏನು ಮಾಡುತ್ತಾನೆ?

ಲೇಖನದ ಶೀರ್ಷಿಕೆ ನೋಡಿ ಹಿಡಿಯೋಣ ಅಂದರೆ, ಎಷ್ಟೋ ಉಲ್ಲೇಖ ದಾಖಲೆಗಳಲ್ಲಿ ಶೀರ್ಷಿಕೆಯೇ ಇರುವುದಿಲ್ಲ. ಲೇಖಕ, ಜರ್ನಲ್, ಸಂಪುಟ, ಮೊದಲ ಪುಟ, ಇಷ್ಟೇ. ಹಣ ಕೊಟ್ಟು ತೆಗೆದುಕೊಂಡ ಡೇಟಾದಲ್ಲೂ ಇದೇ ಹಾಡು. ಹೆಸರು ಬೇಡ, ಒಂದು ದೊಡ್ಡ ಕಂಪನಿಗೆ ಬರೆದು ಕೇಳಿದೆ. ‘ನಿಮ್ಮ ಸಲಹೆಯನ್ನು ಗಮನಿಸಲಾಗಿದೆ’ ಅಂತ ಉತ್ತರ ಬಂತು. ನಾನು ಸಲಹೆ ಕೊಟ್ಟಿರಲಿಲ್ಲ, ಪ್ರಶ್ನೆ ಕೇಳಿದ್ದೆ. ಅವರ ಡೌನ್‌ಲೋಡ್ ಮಿತಿಯ ಬಗ್ಗೆ ಹೇಳಲೇಬಾರದು. ತುಂಡು ತುಂಡಾಗಿ ಇಳಿಸಿ, ಹೊಲಿದು, ನೋಡಿದರೆ ಎರಡು ತುಂಡಿನಲ್ಲಿ ಕಾಲಮ್‌ಗಳ ಕ್ರಮವೇ ಬೇರೆ!

ದಾರಿ ಸಿಕ್ಕಿದ್ದು ಬೇರೆ ಕಡೆಯಿಂದ. ಒಂದು ಉಲ್ಲೇಖದಲ್ಲಿ ವರ್ಷ ಹಾಳಾಗಿರಬಹುದು, ಆದರೆ ಅದೇ ಲೇಖನವನ್ನು ಉಲ್ಲೇಖಿಸಿದ ಎಲ್ಲರಲ್ಲೂ ಹಾಳಾಗಿರುವುದಿಲ್ಲ. ಹಾಗಾಗಿ ಮೊದಲ ಲೇಖಕ, ಸಂಪುಟ, ಮೊದಲ ಪುಟ, ಈ ಮೂರನ್ನು ಸೇರಿಸಿ ಒಂದು ಕೀಲಿ ಮಾಡಿದೆ. ‘ಲೂಯಿಸ್, 7, 191’ ಅನ್ನುವ ಕೀಲಿ ಇರುವ ಉಲ್ಲೇಖಗಳನ್ನೆಲ್ಲ ಒಂದು ಗುಂಪಿಗೆ ತಂದೆ. ಗುಂಪಿನಲ್ಲಿ ಯಾರಾದರೂ ಒಬ್ಬರು 1920 ಅಂತ ಓದಲು ಬರುವ ಹಾಗೆ ಬರೆದಿದ್ದರೆ ಸಾಕು, ಉಳಿದವರಿಗೂ ಅದೇ ವರ್ಷ. ಬೇರೆ ಬೇರೆಯವರು ಬೇರೆ ಬೇರೆ ವರ್ಷ ಹೇಳಿದರೆ ಬಹುಮತ. ಬಹುಮತವೂ ಸಿಗದಿದ್ದರೆ ಆ ಗುಂಪು ‘ಅನುಮಾನ’ ಅನ್ನುವ ಫೈಲಿಗೆ. ಅದನ್ನು ಕೈಯಲ್ಲೇ ನೋಡಬೇಕು, ಬೇರೆ ಉಪಾಯ ಇಲ್ಲ.

ಇದರ ಮೇಲೆ ಇನ್ನೊಂದು ಜರಡಿ ಹಾಕಿದೆ. ನಿಜ ಹೇಳಬೇಕೆಂದರೆ ನನಗೆ ತುಂಬ ಖುಷಿ ಕೊಟ್ಟದ್ದು ಇದೇ. ಈ ಜರ್ನಲ್‌ನ ಸಂಪುಟ ಸಂಖ್ಯೆ ಬಹಳ ನೇರ. 1939ರಿಂದ 1978ರವರೆಗೆ ವರ್ಷಕ್ಕೆ ಒಂದೇ ಸಂಪುಟ. ವರ್ಷದಿಂದ 1938 ಕಳೆದರೆ ಸಂಪುಟ ಸಿಗುತ್ತದೆ. ಟೀರ್ 1958, ಸಂಪುಟ 20. ವಾಗ್‌ಸ್ಟೈನ್ 1975, ಸಂಪುಟ 37. 1979ರಿಂದ 2002ರವರೆಗೆ ವರ್ಷಕ್ಕೆ ಎರಡು ಸಂಪುಟ. 1979ಕ್ಕೆ 41 ಮತ್ತು 42, ಹಾಗೇ ಮುಂದಕ್ಕೆ, 2002ಕ್ಕೆ 87 ಮತ್ತು 88. 2003ರಿಂದ ಮತ್ತೆ ಒಂದೇ, ವರ್ಷದಿಂದ 1914 ಕಳೆಯಿರಿ. 2020 ಅಂದರೆ 106. ಮೂರು ಸಾಲಿನ ಸೂತ್ರ, ಅಷ್ಟೇ. ವರ್ಷ ಮತ್ತು ಸಂಪುಟ ಈ ಸೂತ್ರಕ್ಕೆ ಹೊಂದಿದರೆ ಉಲ್ಲೇಖ ನಮ್ಮದು, ಹೆಸರನ್ನು ಹೇಗೆ ಬರೆದಿದ್ದರೂ ಪರವಾಗಿಲ್ಲ. 1988ರ ಲೇಖನಕ್ಕೆ ‘ಹಾರ್ಟ್’ ಅಂತ ಬರೆದವರೂ ಇದ್ದಾರೆ. 1998ರ ಲೇಖನಕ್ಕೆ ಇನ್ನೂ ‘ಬ್ರಿಟಿಷ್ ಹಾರ್ಟ್ ಜರ್ನಲ್’ ಅಂತ ಬರೆಯುವ ಹಟಮಾರಿಗಳೂ ಇದ್ದಾರೆ. ಇಬ್ಬರೂ ಈಗ ಒಳಗೆ. ‘ಯುರೋಪಿಯನ್ ಹಾರ್ಟ್ ಜರ್ನಲ್’ ಅನ್ನು ಯಾರೋ ಅವಸರದಲ್ಲಿ ತುಂಡು ಮಾಡಿ ಬರೆದದ್ದೂ ಈ ಜರಡಿಯಲ್ಲಿ ಸಿಕ್ಕಿಬಿತ್ತು.

ಎರಡೂ ಓಡಿಸಿದ ಮೇಲೆ 1945 ನೆಲಕ್ಕೆ ಬಂತು. 1939ರಿಂದ 1954ರವರೆಗಿನ ಬೇರೆ ಉಬ್ಬುಗಳೂ ಬಹಳಷ್ಟು ಇಳಿದವು. ಲೂಯಿಸ್ ಅವರದ್ದೆಲ್ಲ ಬೇರೆ ಫೈಲಿನಲ್ಲಿ ಭದ್ರವಾಗಿದೆ. ಅದೇ ಒಂದು ಒಳ್ಳೆಯ ಚಿಕ್ಕ ಪ್ರಾಜೆಕ್ಟ್ ಆಗಬಹುದು.

ಇಷ್ಟೆಲ್ಲ ಒದ್ದಾಡಿದ್ದಕ್ಕೆ ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಜರ್ನಲಿನ ಒಂದು ಲೇಖನಕ್ಕೆ ಸರಾಸರಿ ಬರುವ ಉಲ್ಲೇಖದ ಅಂಕ, ಎಷ್ಟು ಬದಲಾಯಿತು ಗೊತ್ತೇ? ಒಂದು ಕೂದಲಿನಷ್ಟೂ ಇಲ್ಲ. ಆಗುವುದೂ ಇಲ್ಲ. ಅದು ನೋಡುವುದು ಹಿಂದಿನ ಎರಡು ವರ್ಷ ಮಾತ್ರ. 1945 ಇರಲಿ, 2015 ಕೂಡ ಅದಕ್ಕೆ ಈಗ ಪ್ರಾಚೀನ ಇತಿಹಾಸ.

ನನ್ನ ಜಗಳ ಇರುವುದು ಇಲ್ಲೇ. ವಾಗ್‌ಸ್ಟೈನ್ ತಂಡದ ಲೇಖನವನ್ನೇ ತೆಗೆದುಕೊಳ್ಳಿ. ಹೃದಯ ಸೋತವರಿಗೆ ಬೀಟಾ ಬ್ಲಾಕರ್ (ಹೃದಯದ ಬಡಿತ ನಿಧಾನಿಸುವ ಔಷಧ) ಕೊಡಲೇಬಾರದು ಅಂತ ಎಲ್ಲರೂ ನಂಬಿದ್ದ ಕಾಲದಲ್ಲಿ, ಸ್ವೀಡನ್ನಿನ ಇವರು ಏಳು ರೋಗಿಗಳಿಗೆ ಕೊಟ್ಟು, ಸುಧಾರಿಸಿದರು ಅಂತ ಬರೆದರು. ಜನ ಪೂರ್ತಿ ಒಪ್ಪಿಕೊಂಡದ್ದು ದೊಡ್ಡ ಟ್ರಯಲ್‌ಗಳು ಬಂದ ಮೇಲೆ. ಸಿಬಿಸ್-2 ಮತ್ತು ಮೆರಿಟ್-ಎಚ್‌ಎಫ್ ಎರಡೂ 1999ರವು. ಇಂಪ್ಯಾಕ್ಟ್ ಫ್ಯಾಕ್ಟರ್ ಲೆಕ್ಕದಲ್ಲಿ ಈ ಲೇಖನದ ಆಯುಸ್ಸು 1976 ಮತ್ತು 1977, ಎರಡೇ ವರ್ಷ. ಯೂಜೀನ್ ಗಾರ್ಫೀಲ್ಡ್ ಉಲ್ಲೇಖ ಸೂಚಿಯ (ಯಾರು ಯಾರನ್ನು ಉಲ್ಲೇಖಿಸಿದರು ಅನ್ನುವ ಪಟ್ಟಿ) ಯೋಚನೆಯನ್ನು 1955ರಲ್ಲಿ ಮುಂದಿಟ್ಟಾಗ ಉದ್ದೇಶ ಲೇಖನ ಹುಡುಕುವುದಾಗಿತ್ತು. ಲೇಖನಕ್ಕೆ, ಬರೆದವರಿಗೆ ಅಂಕ ಹಾಕುವ ಚಾಳಿ ಆಮೇಲಿನದು.

ಹೆಸರು ಬದಲಾದ ವರ್ಷಗಳಲ್ಲಿ ಮಾತ್ರ ಆ ಲೆಕ್ಕವೂ ಕುಂಟುತ್ತದೆ. 1997ಕ್ಕೆ ಲೆಕ್ಕ ಹಾಕಲು 1995 ಮತ್ತು 1996ರ ಲೇಖನಗಳು ಬೇಕು. ಒಂದು ಹಳೇ ಹೆಸರಿನದು, ಒಂದು ಹೊಸದು. ಎರಡರ ಉಲ್ಲೇಖವನ್ನು ಮೇಲೆ ಕೂಡಿ, ಎರಡರ ಲೇಖನ ಸಂಖ್ಯೆಯನ್ನು ಕೆಳಗೆ ಕೂಡಿ, ಆಮೇಲೆ ಭಾಗಿಸಬೇಕು. ಎರಡು ಬೇರೆ ಬೇರೆ ಅಂಕ ತೆಗೆದು ಸರಾಸರಿ ಮಾಡಬೇಡಿ, ಉತ್ತರ ತಪ್ಪುತ್ತದೆ.

ಕೆಳಗಿನ ಸಂಖ್ಯೆಯದ್ದೇ ಇನ್ನೊಂದು ರಗಳೆ. ಮೇಲೆ ಸಂಪಾದಕೀಯ, ಪತ್ರ, ಎಲ್ಲದಕ್ಕೂ ಬಂದ ಉಲ್ಲೇಖ ಸೇರುತ್ತದೆ. ಕೆಳಗೆ ಮಾತ್ರ ಸಂಶೋಧನಾ ಲೇಖನ ಮತ್ತು ವಿಮರ್ಶಾ ಲೇಖನ. ಜೊತೆಗೆ ಬ್ರಿಟಿಷ್ ಕಾರ್ಡಿಯೋವಾಸ್ಕುಲರ್ ಸೊಸೈಟಿಯ ವಾರ್ಷಿಕ ಸಮ್ಮೇಳನದ ಸಾರಾಂಶಗಳು ಪುರವಣಿಯಾಗಿ ಬರುತ್ತವೆ. ಮುಕ್ತ ಡೇಟಾದಲ್ಲಿ ಅವೂ ಲೇಖನ ಅಂತಲೇ ಕೂತಿವೆ. ಅವನ್ನು ಎಣಿಸಿದರೆ ಜರ್ನಲ್ ಸುಮ್ನೆ ಸೊರಗಿದ ಹಾಗೆ ಕಾಣುತ್ತದೆ. ಪುಟ ಸಂಖ್ಯೆ ‘ಎ’ ಅಕ್ಷರದಿಂದ ಶುರುವಾದರೆ ಹೊರಗೆ ಹಾಕಿ, ಬಹುಪಾಲು ಹೋಗುತ್ತವೆ.

ವಿಷಯಗಳ ನಕ್ಷೆ ಬಗ್ಗೆ ಎರಡು ಮಾತು. ವಿಒಎಸ್‌ವ್ಯೂವರ್‌ ಅನ್ನುವ ನಕ್ಷೆ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಮೊದಲ ಸಲ ಹಾಕಿದಾಗ ‘ಇಸ್ಕೀಮಿಯಾ’ (ರಕ್ತ ಸಾಲದಿರುವುದು) ಎರಡು ಚುಕ್ಕಿಯಾಗಿ ಬಂತು, ಬ್ರಿಟಿಷ್ ಸ್ಪೆಲಿಂಗ್ ಒಂದು, ಅಮೆರಿಕನ್ ಒಂದು. ‘ಆರಿಕ್ಯುಲರ್ ಫಿಬ್ರಿಲೇಶನ್’ ಹಳೆಯ ದಶಕಗಳಲ್ಲಿ ಇದ್ದು ಮಾಯವಾಗಿ, ಅದೇ ಕಾಯಿಲೆಗೆ ‘ಏಟ್ರಿಯಲ್’ ಅನ್ನುವ ಹೆಸರು ಹುಟ್ಟಿತು. ಕಾಯಿಲೆಯೇ ಹೊಸದೇನೋ ಅನ್ನುವ ಹಾಗೆ! ಪರ್ಯಾಯ ಪದಗಳ ಫೈಲ್ ಇಲ್ಲದೆ ಯಾರೂ ‘ಟ್ರೆಂಡ್’ ಅನ್ನುವ ಮಾತೇ ಆಡಬಾರದು. ಸರಿ ಮಾಡಿದ ಮೇಲೆ ಚಿತ್ರ ಚೆನ್ನಾಗಿದೆ. ಮೊದಲ ದಶಕಗಳಲ್ಲಿ ರುಮ್ಯಾಟಿಕ್ ಕಾಯಿಲೆ, ಮೈಟ್ರಲ್ ಕವಾಟ, ಹುಟ್ಟಿನಿಂದ ಬಂದ ದೋಷಗಳು. ಆಮೇಲೆ ಪೇಸ್‌ಮೇಕರ್, ಎಕೋ. ಆಮೇಲೆ ಆಂಜಿಯೋಪ್ಲಾಸ್ಟಿ. ಈಚೆಗೆ ಕ್ಯಾತಿಟರ್‌ನಲ್ಲೇ ಕವಾಟ ಕೂರಿಸುವುದು. ನನಗೆ ಇಷ್ಟವಾದದ್ದು ಕವಾಟದ ಕಥೆ. ಒಮ್ಮೆ ಇಳಿದ ವಿಷಯ ಬೇರೆ ಕಾಯಿಲೆ, ಬೇರೆ ವಯಸ್ಸಿನ ರೋಗಿಗಳ ಜೊತೆ ಮತ್ತೆ ಏರಿದೆ. ಅದಕ್ಕೆ ಬೇರೆಯೇ ಟಿಪ್ಪಣಿ ಬೇಕು.

ಆದರೆ ಮುಂದಿನದು ಅದಲ್ಲ. ಈಗ ತಲೆಯಲ್ಲಿ ಕೂತಿರುವುದು ಅಮೆರಿಕದ ‘ಸರ್ಕ್ಯುಲೇಶನ್’. 1950ರಿಂದ ಇರುವ ಜರ್ನಲ್ 2008ರಲ್ಲಿ ಒಂದೇ ಸಲ ಆರು ಮರಿ ಹಾಕಿತು: ಹೃದಯ ವೈಫಲ್ಯ, ಲಯ, ಇಮೇಜಿಂಗ್, ಇಂಟರ್ವೆನ್ಶನ್, ಗುಣಮಟ್ಟ, ತಳಿವಿಜ್ಞಾನ. ಇಲ್ಲಿ ಎರಡು ಜರ್ನಲ್ ಒಂದೇ ಆಗಿ ಕಂಡರೆ, ಅಲ್ಲಿ ಒಂದು ಏಳಾಗಿದೆ. ಮರಿಗಳು ಹುಟ್ಟಿದ ಮೇಲೆ ತಾಯಿ ಜರ್ನಲ್ ಯಾವ ವಿಷಯ ಬಿಟ್ಟುಕೊಟ್ಟಿತು, ಯಾವುದನ್ನು ತನಗೇ ಇಟ್ಟುಕೊಂಡಿತು? ಉಲ್ಲೇಖ ಕಡಿಮೆ ಬರುವ ವಿಷಯಗಳನ್ನೇ ಮರಿಗಳ ಪಾಲಿಗೆ ತಳ್ಳಿತೇ ಅಂತ ನನಗೆ ಅನುಮಾನ. ಅನುಮಾನ ಮಾತ್ರ, ಲೆಕ್ಕ ಇನ್ನೂ ಶುರುವಾಗಿಲ್ಲ. ತಳಿವಿಜ್ಞಾನದ ಮರಿ 2018ರಲ್ಲಿ ಹೆಸರನ್ನೂ ಬದಲಿಸಿಕೊಂಡಿದೆ, ದೇವರೇ ಗತಿ.

ಮೊದಲು 2008ಕ್ಕಿಂತ ಹಿಂದಿನ ‘ಸರ್ಕ್ಯುಲೇಶನ್’ ಲೇಖನಗಳನ್ನು ಮೆಶ್ ಪದಗಳಿಂದ (ವೈದ್ಯಕೀಯ ಲೇಖನಗಳಿಗೆ ಹಚ್ಚುವ ವಿಷಯ ಪದಗಳು) ಆರು ಗುಂಪು ಮಾಡಬೇಕು. ಇಮೇಜಿಂಗ್ ಮತ್ತು ಇಂಟರ್ವೆನ್ಶನ್ ಎರಡಕ್ಕೂ ಸೇರುವ ಲೇಖನಗಳನ್ನು ಎಲ್ಲಿ ಹಾಕುವುದು ಅಂತ ಯಾರಾದರೂ ಈಗಾಗಲೇ ತಲೆ ಕೆಡಿಸಿಕೊಂಡಿದ್ದರೆ ನಿಮ್ಮ ನಿಯಮ ಕಳಿಸಿ. ನನ್ನ ಸಂಪುಟ ಸೂತ್ರವನ್ನು ಬದಲಿಗೆ ಕೊಡುತ್ತೇನೆ.